ಆಕಯ್ ಅರ್ಧಕ್ಕೆ ನಿಲ್ಲಿಸಿದ ಲದಿನ್

ಕರೆಂಟು ಹೋದ ಸಂಜೆ ಹಚ್ಚಿದ ಮೇಣದ ಬತ್ತಿಯನ್ನು ಬೆರಳಿನಿಂದ ಚಿವುಟಿ ಆರಿಸಿದಾಗ ಏಳುವ ವಾಸನೆ ನನ್ನನ್ನು ಈಗಲೂ ಉರ್ವದ ಒಂದು ಕೆಂಪು ಮಣ್ಣಿನ ರಸ್ತೆಗೆ ಕರೆದೊಯ್ಯುತ್ತದೆ. ಸುಟ್ಟ ಬತ್ತಿ, ಕರಗಿದ ಮೇಣ, ಅದರ ಹಿಂದೆ ಎಲ್ಲೋ ಹೆಂಗಸರ ತಲೆಯ ತೆಂಗಿನೆಣ್ಣೆ, ಮಳೆಗೆ ಕಾದು ಕೂತ ಧೂಳು. ಇದರಲ್ಲಿ ಎಷ್ಟು ಆ ದಿನದ್ದು, ಎಷ್ಟು ನಾನು ಆಮೇಲೆ ಸೇರಿಸಿದ್ದು ಎಂದು ಕೇಳಿದರೆ ಹೇಳಲಾರೆ. ಡೈರಿ ಬರೆಯಲು ತೊಡಗಿದ್ದು ಕಾಲೇಜಿಗೆ ಸೇರಿದ ಮೇಲೆ. ಈ ಸಂಗತಿ ನಡೆದಾಗ ನನಗೆ ಎಂಟೋ ಒಂಬತ್ತೋ. ಮನೆಯಲ್ಲಿ ಆಡುತ್ತಿದ್ದುದು ಕೊಂಕಣಿ, ಹಾಗಾಗಿ ಇಲ್ಲಿನ ಮಾತುಗಳೂ ನಾನು ಕನ್ನಡಕ್ಕೆ ತಂದವು. ಕೆಲವು ವಿವರಗಳು ತಪ್ಪಿರಬಹುದು. ನೀವೂ ನನ್ನ ಹಾಗೆ ಬಾಲ್ಯದ ಮನೆಯೊಂದನ್ನು ಕಳೆದುಕೊಂಡವರಾದರೆ, ಅದರ ಕಿಟಕಿಗಳನ್ನು ಎಣಿಸುವಾಗ ಪ್ರತಿ ಸಲವೂ ಬೇರೆ ಲೆಕ್ಕ ಬರುವುದು ನಿಮಗೂ ಗೊತ್ತಿರುತ್ತದೆ.

ಆ ಮನೆಯಲ್ಲಿ ಅಪ್ಪನ ಅಕ್ಕ ಮೊನಿಕಾ ಇದ್ದರು. ಅಪ್ಪನ ಸೋದರಿಯನ್ನು ನಮ್ಮಲ್ಲಿ ಆಕಯ್ ಎನ್ನುತ್ತಾರೆ. ಅವರಿಗೆ ಮದುವೆಯಾಗಿರಲಿಲ್ಲ. ತಮ್ಮನ ಮನೆಯಲ್ಲಿ ಉಳಿದುಹೋದ ಹೆಂಗಸಿಗೆ ಅಡುಗೆಮನೆಯ ಮಣೆಯೊಂದೇ ಜಾಗವಾಗಬಹುದಿತ್ತು. ಆದರೆ ಆಕಯ್‌ಗೆ ಲದಿನ್ ಬರುತ್ತಿತ್ತು. ಲದಿನ್ ಎಂದರೆ ಜಪಸರದ ಕೊನೆಗೆ ಹೇಳುವ ಮರಿಯ ಮಾತೆಯ ಸ್ತುತಿಮಾಲೆ. ಆಗ ಅದು ಲ್ಯಾಟಿನ್‌ನಲ್ಲೇ ಇತ್ತು. ಒಬ್ಬರು ಮಾತೆಯ ಬಿರುದುಗಳನ್ನು ಒಂದೊಂದಾಗಿ ಕರೆಯಬೇಕು, ಉಳಿದವರು ‘ಓರಾ ಪ್ರೊ ನೋಬಿಸ್’, ಅಂದರೆ ನಮಗಾಗಿ ಪ್ರಾರ್ಥಿಸು, ಎಂದು ಓಗೊಡಬೇಕು. ಆಕಯ್ ಓದಿದ್ದು ಮೂರನೆಯ ಕ್ಲಾಸಿನವರೆಗೆ. ತಾಯಿಯ ಬಾಯಿಂದ ಕೇಳಿ ಕಲಿತದ್ದನ್ನು, ಒಂದು ಶಬ್ದದ ಅರ್ಥವೂ ತಿಳಿಯದೆ, ಎಲ್ಲೂ ತಡೆಯದೆ ಹೇಳುತ್ತಿದ್ದರು. ನಮ್ಮ ಚರ್ಚಿನ ವಾಡೆಗೆ, ಅಂದರೆ ನಮ್ಮ ಕೇರಿಗೆ, ಸೇರಿದ ಹದಿನಾಲ್ಕು ಮನೆಗಳಲ್ಲಿ ಸಾವಾದರೂ ಮದುವೆಯಾದರೂ ಅವರಿಗೆ ಕರೆ ಬರುತ್ತಿತ್ತು. ಅವರು ಮುಂದೆ ನಿಂತರೆ ಅಪ್ಪನೂ ಹಿಂದೆ ನಿಲ್ಲಬೇಕು. ಒಂದು ಭಾನುವಾರ ಪಾದ್ರಿಗಳು ಪ್ರಸಂಗದಲ್ಲಿ, ಪವಿತ್ರಾತ್ಮ ಒಬ್ಬೊಬ್ಬರಿಗೆ ಒಂದೊಂದು ವರ ಕೊಡುತ್ತಾನೆ, ಕೊಡುವುದು ಎಲ್ಲರ ಒಳಿತಿಗೆ ಎಂದಿದ್ದರು. ಮನೆಗೆ ಬರುವ ದಾರಿಯಲ್ಲಿ ಆಕಯ್‌ನ ಸೆರಗು ಎಳೆದು ಕೇಳಿದೆ: “ನಿಮಗೆ ಎಂತ ವರ ಸಿಕ್ಕಿದ್ದು?” “ನನಗಾ? ನೆನಪು. ಬೇರೆ ಎಂತ ಉಂಟು ನನ್ನ ಹತ್ತಿರ?” ಎಂದು ನಕ್ಕರು.

ಎದುರುಮನೆಯ ಜೋಕಿಂ ನಮಗೆ ರಕ್ತಸಂಬಂಧಿಯಲ್ಲ, ಆದರೂ ನಾವು ಮಕ್ಕಳು ಅವರನ್ನು ಬಾಪ್ಪು, ಅಂದರೆ ಚಿಕ್ಕಪ್ಪ, ಎಂದೇ ಕರೆಯುತ್ತಿದ್ದೆವು. ಹರೆಯದಲ್ಲಿ ಪಾದ್ರಿಯಾಗಲು ಸೆಮಿನರಿ ಸೇರಿ ಮೂರು ವರ್ಷಕ್ಕೆ ಹಿಂದಿರುಗಿದವರು. ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ನಮ್ಮ ಅಪ್ಪ ವಾಡೆಯ ಗುರ್ಕಾರ್, ಚರ್ಚಿನ ಪರವಾಗಿ ಕರಿ ಕೋಟು ಹಾಕಿ ನಿಲ್ಲುವ, ಆ ಮನೆಗಳ ಹಿರಿಯ. ರಸ್ತೆ ಅಗಲ ಮಾಡುತ್ತಾರೆ, ಬದಿಯಲ್ಲಿರುವ ಶಿಲುಬೆಯನ್ನು ಸರಿಸಬೇಕು ಎಂಬ ಸುದ್ದಿ ಬಂದಾಗ ಇಬ್ಬರ ನಡುವೆ ಜಗಳ ಹುಟ್ಟಿತು. ಯಾವುದೋ ಮಾರಿಬೇನೆಯ ಕಾಲದಲ್ಲಿ ಎಲ್ಲ ಮನೆಯ ಅಜ್ಜಂದಿರು ಸೇರಿ ನಿಲ್ಲಿಸಿದ ಶಿಲುಬೆ ಅದು. ಅಪ್ಪ ನಮ್ಮ ಅಂಗಳದ ಮೂಲೆಗೆ ಎಂದರು, ಜೋಕಿಂ ಬಾಪ್ಪು ತಮ್ಮ ಬೇಲಿಯ ಬದಿಗೆ ಎಂದರು. ಚರ್ಚಿನ ಅಂಗಳದಲ್ಲಿ ಹತ್ತು ಜನರ ಎದುರು ಅಪ್ಪ, “ಅರ್ಧ ಪಾದ್ರಿಯಿಂದ ನಾನು ಪಾಠ ಕಲಿಬೇಕಾ?” ಎಂದುಬಿಟ್ಟರು. “ಕರಿ ಕೋಟು ಹಾಕಿದ ಕೂಡಲೇ ಗುರ್ಕಾರ್ ಆಗ್ಲಿಕ್ಕಿಲ್ಲ ಮಾರಾಯ, ಒಳಗೆ ಮನುಷ್ಯ ಬೇಕು,” ಎಂದರು ಅವರು. ಅಲ್ಲಿಂದ ಏಳು ಮನೆ ಇತ್ತ, ಏಳು ಮನೆ ಅತ್ತ. ಮರಿಯ ಮಾತೆಯ ತಿಂಗಳಾದ ಮೇಯಲ್ಲಿ ಶಿಲುಬೆಯ ಮುಂದೆ ದಿನಾ ಒಮ್ಮೆ ನಡೆಯುತ್ತಿದ್ದ ಜಪಸರ ಎರಡಾಯಿತು. ಒಂದು ಗುಂಪು ಹಚ್ಚಿದ ಬತ್ತಿಯನ್ನು ಇನ್ನೊಂದು ಗುಂಪು ಬಂದು ತೆಗೆದು ಬೇರೆ ಹಚ್ಚುತ್ತಿತ್ತು.

ಕೊನೆಗೆ ಪಾದ್ರಿಗಳು ಕಟ್ಟುನಿಟ್ಟಾಗಿ ಹೇಳಿದರು: ಮೇ ತಿಂಗಳ ಕೊನೆಯ ದಿನ ಹದಿನಾಲ್ಕು ಮನೆಯವರೂ ಒಂದೇ ಸ್ವರದಲ್ಲಿ ಪ್ರಾರ್ಥಿಸಬೇಕು. ಆಗದಿದ್ದರೆ ಶಿಲುಬೆಯನ್ನು ಕಿತ್ತು ಚರ್ಚಿನ ಅಂಗಳಕ್ಕೆ ಒಯ್ಯುತ್ತೇನೆ, ವಾಡೆಗೆ ಶಿಲುಬೆಯೇ ಇಲ್ಲ. ಆ ವಾರ ಅವರು ನಮ್ಮ ಮನೆಗೆ ಬಂದದ್ದು ನೆನಪಿದೆ. ಅಪ್ಪ ಇರಲಿಲ್ಲ. ನಾನು ಬಾಗಿಲ ಹಿಂದೆ ಇದ್ದೆ. “ಮೊನಿಕಾ ಬಾಯ್, ನನ್ನ ಮಾತು ಇವರಿಬ್ಬರ ಕಿವಿಗೆ ಹೋಗುದಿಲ್ಲ. ನಿಮಗೆ ಎಂತಾದರೂ ದಾರಿ ತೋಚ್ತದಾ?” ಆಕಯ್ ಚಹಾದ ಲೋಟ ಮುಂದಿಟ್ಟು, “ಅಡುಗೆ ಮತ್ತೆ ಲದಿನ್ ಬಿಟ್ಟರೆ ನನಗೆ ಎಂತ ಗೊತ್ತುಂಟು ಪಾದ್ರ್ಯಾಬ್?” ಎಂದರು.

ಮೇ ಕೊನೆಯ ಆ ಸಂಜೆಯ ಬೆಳಕು ಮಾವಿನ ರಸದ ಹಾಗೆ ಹಳದಿಯಾಗಿತ್ತು. ಕಡಲ ಕಡೆ ಮೋಡ ಕಟ್ಟಿತ್ತು, ಗಾಳಿ ನಿಂತಿತ್ತು, ರೆಕ್ಕೆ ಬಂದ ಗೆದ್ದಲುಗಳು ಮೇಣದ ಬತ್ತಿಗಳ ಸುತ್ತ ಹಾರಿ ರೆಕ್ಕೆ ಉದುರಿಸುತ್ತಿದ್ದವು. ನಾವು ಶಿಲುಬೆಯ ಬುಡದಲ್ಲಿ ನಿಂತಿದ್ದೆವು. ಜೋಕಿಂ ಬಾಪ್ಪುವಿನ ಕಡೆಯವರು ರಸ್ತೆಯ ಆಚೆ. ಪಾದ್ರಿಗಳ ಮಾತಿಗೆ ಮಣಿದು ಬಂದಿದ್ದರು, ಆದರೆ ಬಾಯಿ ತೆರೆಯಲಿಲ್ಲ. ಇಡೀ ಜಪಸರ ಅರ್ಧ ಜನರ ಸ್ವರದಲ್ಲೇ ಮುಗಿಯಿತು. ಆಮೇಲೆ ಆಕಯ್ ಲದಿನ್ ತೊಡಗಿದರು. ಅವರ ಸ್ವರ ತೆಳ್ಳಗೆ, ಬೆಚ್ಚಗೆ ಹರಿಯಿತು. ಒಂದೊಂದೇ ಬಿರುದು ದಾಟಿ ದಾವೀದನ ಗೋಪುರ ಎಂಬ ಬಿರುದಿನವರೆಗೆ ಬಂದು, ನಿಂತಿತು.

ಮೊದಲು ಉಸಿರಿಗೆಂದು ನಿಲ್ಲಿಸಿದರು ಎಂದುಕೊಂಡೆವು. ಆಕಯ್ ಶಿಲುಬೆಯನ್ನೇ ನೋಡುತ್ತಿದ್ದರು. ಮತ್ತೊಮ್ಮೆ ದಾವೀದನ ಗೋಪುರ ಎಂದರು, ಮತ್ತೆ ಸುಮ್ಮನಾದರು. ಯಾರೋ ಕೆಮ್ಮಿದರು. “ದೇವರೇ, ಮೊನಿಕಾ ಬಾಯ್‌ಗೆ ಮರೆತುಹೋಯ್ತು,” ಎಂದು ಒಬ್ಬಾಕೆ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ನನ್ನ ನೆನಪಿನಲ್ಲಿ ಪಾದ್ರಿಗಳು ಅಲ್ಲೇ, ಆಕಯ್‌ನ ಎಡಕ್ಕೆ ನಿಂತಿದ್ದಾರೆ. ಲ್ಯಾಟಿನ್ ಅವರಿಗೆ ಬಾಯಿಪಾಠ, ಆದರೂ ತಮ್ಮ ಚಪ್ಪಲಿ ನೋಡುತ್ತ ಬಾಯಿ ಮುಚ್ಚಿಕೊಂಡಿದ್ದಾರೆ. ಅಣ್ಣ ಇದನ್ನು ಒಪ್ಪುವುದಿಲ್ಲ. ಪಾದ್ರಿಗಳು ಆ ದಿನ ಬರಲೇ ಇಲ್ಲ, ಬಿಕರ್ನಕಟ್ಟೆಯಲ್ಲಿ ಯಾರೋ ಕಾಯಿಲೆಯವರನ್ನು ನೋಡಲು ಹೋಗಿದ್ದರು ಎನ್ನುತ್ತಾನೆ. ಅವನು ನನಗಿಂತ ನಾಲ್ಕು ವರ್ಷ ದೊಡ್ಡವನು.

ಅಪ್ಪನಿಗೆ ಲದಿನ್ ಬರುತ್ತಿರಲಿಲ್ಲ. ನಮ್ಮ ಕಡೆ ಯಾರಿಗೂ ಬರುತ್ತಿರಲಿಲ್ಲ. ಅಕ್ಕ ಹದಿನಾಲ್ಕು ಮನೆಯವರ ಎದುರು ಹೀಗೆ ತಡವರಿಸಿ ನಿಂತದ್ದನ್ನು ಅವರಿಂದ ನೋಡಲಾಗಲಿಲ್ಲ. ರಸ್ತೆಯ ಆಚೆಗೆ ತಿರುಗಿ, ಅಷ್ಟು ದಿನಗಳಲ್ಲಿ ಮೊದಲ ಸಲ, “ಜೋಕಿಂ, ನಿನಗೆ ಬರ್ತದಲ್ಲ. ಹೇಳು ಮಾರಾಯ,” ಎಂದರು. ಜೋಕಿಂ ಬಾಪ್ಪು ಪಂಚೆ ಸರಿಮಾಡಿಕೊಂಡು ರಸ್ತೆ ದಾಟಿ ಆಕಯ್‌ನ ಪಕ್ಕಕ್ಕೆ ಬಂದು ನಿಂತು, ಮುಂದಿನ ಬಿರುದನ್ನು, ದಂತದ ಗೋಪುರ ಎಂದು, ಎತ್ತಿಕೊಂಡರು. ಅವರ ಹಿಂದೆ ಅವರ ಏಳು ಮನೆಯವರೂ ದಾಟಿ ಬಂದರು. ‘ಓರಾ ಪ್ರೊ ನೋಬಿಸ್’ ಎಂಬ ಉತ್ತರ ಎರಡು ಕಡೆಯಿಂದ ಬಂದು ಒಂದಾದಾಗ ನನ್ನ ಮೈ ಜುಂ ಎಂದಿತು. ಇಷ್ಟು ಮಾತ್ರ ನಾನು ಕಟ್ಟಿದ್ದಲ್ಲ. ಎಲ್ಲ ಮುಗಿದ ಮೇಲೆ ಜೋಕಿಂ ಬಾಪ್ಪು ಅಪ್ಪನಿಗೆ, “ಅರ್ಧ ಪಾದ್ರಿಗೆ ಅರ್ಧ ಲದಿನ್ ಸಿಕ್ಕಿತು, ಸರಿಯಾಯ್ತಲ್ಲ?” ಎಂದರು. ಅಪ್ಪ ನಗಬಾರದೆಂದು ತುಂಬ ಪ್ರಯತ್ನಪಟ್ಟು ಸೋತರು. ಮುಂದಿನ ವಾರ ಶಿಲುಬೆ ಜೋಕಿಂ ಬಾಪ್ಪುವಿನ ಬೇಲಿಯ ಬದಿಗೆ ಹೋಯಿತು. ಗುಂಡಿ ತೋಡಿದ್ದು ಅಪ್ಪ.

ಆದರೆ ಲದಿನ್ ಹೇಳಲು ಆಕಯ್‌ಗೆ ಮತ್ತೆ ಯಾರಿಂದಲೂ ಕರೆ ಬರಲಿಲ್ಲ. “ಪ್ರಾಯ ಆಯ್ತಲ್ಲ, ಪಾಪ,” ಎನ್ನುತ್ತಿದ್ದರು. ಸಾವಿನ ಮನೆಗೂ ಮದುವೆ ಮನೆಗೂ ಜೋಕಿಂ ಬಾಪ್ಪು ಹೋಗುತ್ತಿದ್ದರು. ಆಕಯ್ ಹೆಂಗಸರ ಸಾಲಿನ ಕೊನೆಯಲ್ಲಿ ನಿಂತು ಎಲ್ಲರ ಜೊತೆ ಓಗೊಡುತ್ತಿದ್ದರು. ಅಪ್ಪನೂ ಅವರ ಹಿಂದೆ ನಿಲ್ಲಬೇಕಾಗಿದ್ದ ಆ ಒಂದು ಹೊತ್ತೂ ಇಲ್ಲವಾಯಿತು. ಕೆಲವು ವರ್ಷಗಳಲ್ಲಿ ಪ್ರಾರ್ಥನೆಯೇ ಲ್ಯಾಟಿನ್ ಬಿಟ್ಟು ಕೊಂಕಣಿಗೆ ಬಂತು. ಅಷ್ಟರಲ್ಲಿ ಆಕಯ್‌ಗೆ ನಿಜಕ್ಕೂ ಮರೆವು ತೊಡಗಿತ್ತು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಕೆಲವು ದಿನ ನನ್ನನ್ನು ತಮ್ಮ ತಾಯಿಯ ಹೆಸರಿನಿಂದ ಕರೆಯುತ್ತಿದ್ದರು. ಶಿಲುಬೆಯ ಮುಂದೆ ಅವರನ್ನು ನಿಲ್ಲಿಸಿದ್ದು ಆ ಮರೆವಿನ ಮೊದಲ ಹೆಜ್ಜೆಯೇ ಇರಬಹುದು. ತಮಗಿದ್ದ ಒಂದೇ ವರವನ್ನು ಅವರು ತಿಳಿದೇ ಅಲ್ಲಿ ಕೆಳಗಿಟ್ಟರು ಎಂಬುದು, ಓದಿಕೊಂಡ ಹುಡುಗಿಯೊಬ್ಬಳು ತನ್ನ ಸಮಾಧಾನಕ್ಕೆ ಕಟ್ಟಿದ ಕಥೆಯೂ ಇರಬಹುದು.

ಬಿ.ಎ. ಓದುತ್ತಿದ್ದಾಗಿನ ಬೇಸಿಗೆ ರಜೆಯ ಒಂದು ಮಧ್ಯಾಹ್ನ ಅವರು ಹಿತ್ತಿಲ ಮೆಟ್ಟಿಲ ಮೇಲೆ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತ ಕೂತಿದ್ದರು. ಆ ದಿನ ನನ್ನನ್ನು ನನ್ನದೇ ಹೆಸರಿನಿಂದ ಕರೆದಿದ್ದರು. ಹಾಗಾಗಿ ಧೈರ್ಯ ಮಾಡಿ ಕೇಳಿದೆ. ಅವರು ನನ್ನ ಮುಖ ನೋಡಿ, ಇನ್ನೊಂದು ಬೀಜ ಕೈಗೆತ್ತಿಕೊಂಡರು. ಮುಂದಿನ ರಜೆಗೆ ನಾನು ಬರುವಾಗ ಅವರಿರಲಿಲ್ಲ. ಹಲಸಿನ ಬೀಜ ಸುಲಿದ ಆ ದಿನದ ಡೈರಿಯ ಪುಟದಲ್ಲಿ ಬೇರೇನೂ ಇಲ್ಲ, ನಾನು ಕೇಳಿದ್ದು ಮಾತ್ರ ಇದೆ: “ಆಕಯ್, ಅವತ್ತು ನೀವು ನಿಜವಾಗಿ ಮರೆತದ್ದಾ?”