ಮೂವತ್ತು ಎಣಿಸುವಷ್ಟು ಹಾಡು

ನನ್ನ ಮಗಳಿಗೆ ಇಪ್ಪತ್ತೇಳು ವರ್ಷ. ನಾನು ಹಾಡಿದರೆ ಮುಖ ಆ ಕಡೆ ತಿರುಗಿಸುತ್ತಾಳೆ, ಪಕ್ಕದ ಮನೆಯವಳು ಹಾಡಿದರೆ ನಗುತ್ತಾಳೆ. ನನ್ನ ಹೊಟ್ಟೆಕಿಚ್ಚಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಈ ವಯಸ್ಸಿನಲ್ಲಿ ಇದನ್ನೆಲ್ಲ ಬರೆದುಕೊಳ್ಳುವುದು ನಾಚಿಕೆಗೇಡು ಅನ್ನಿಸಿದರೂ, ಒಳಗೇ ಇಟ್ಟುಕೊಂಡು ಉರಿಯುವುದಕ್ಕಿಂತ ವಾಸಿ.

ಮಗಳಿಗೆ ಹುಟ್ಟಿದಾಗಿನಿಂದ ಕೈಕಾಲು ಸೆಟೆದುಕೊಳ್ಳುವ ತೊಂದರೆ. ನಡೆಯುವುದಿಲ್ಲ, ಮಾತು ಬರುವುದಿಲ್ಲ. ಆದರೆ ಮನೆಯಲ್ಲಿ ಯಾರು ಏನು ಮಾತಾಡಿದರೂ ಅವಳಿಗೆ ತಿಳಿಯುತ್ತದೆ. ಅವಳ ಎದುರು ಗುಟ್ಟು ಮಾತಾಡುವ ಹಾಗಿಲ್ಲ. ಏನಾದರೂ ಬೇಕಿದ್ದರೆ ಕಣ್ಣು ಮೇಲೆತ್ತುತ್ತಾಳೆ, ಬೇಡವಾದರೆ ಮುಖ ತಿರುಗಿಸುತ್ತಾಳೆ. ಎಡಗಾಲನ್ನು ಮಾತ್ರ, ಮನಸ್ಸು ಮಾಡಿದರೆ, ತಾನಾಗಿ ಒಂದು ಗೇಣು ಎತ್ತಬಲ್ಲಳು. ಅವಳ ಗಾಲಿಕುರ್ಚಿಗಾಗಿಯೇ ನಾವು ಲಿಂಗರಾಜಪುರದಲ್ಲಿ ನೆಲಮಹಡಿಯ ಈ ಮನೆ ಹಿಡಿದದ್ದು. ಬೀದಿ ಕಡೆಯ ಕಿಟಕಿ ಅವಳ ಜಾಗ. ತರಕಾರಿ ಗಾಡಿ, ಶಾಲೆಯ ವ್ಯಾನು, ಚರ್ಚಿನ ಗಂಟೆ, ಎದುರು ಮನೆಯ ಮಿಕ್ಸಿ, ಎಲ್ಲಕ್ಕೂ ಅವಳು ಕಿವಿಗೊಟ್ಟು ಕೂತಿರುತ್ತಾಳೆ.

ಇನ್ನು ನನ್ನ ಹಾಡಿನ ವಿಷಯ. ಮದುವೆಗೆ ಮುಂಚೆ ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೆ. ಸೀನಿಯರ್‌ಗೆ ಕಟ್ಟುವ ಹೊತ್ತಿಗೆ ಮದುವೆ, ಆಮೇಲೆ ಮಗಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಶ್ರುತಿಪೆಟ್ಟಿಗೆ ಅಟ್ಟದ ಮೇಲಿತ್ತು. ಯಜಮಾನರು ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ವರ್ಷ ನಾನೇ ಒಂದು ಕರಾರು ಹಾಕಿದೆ: ಬುಧವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಮಗಳು ಅವರ ಸುಪರ್ದಿಗೆ, ನಾನು ಹಲಸೂರಿಗೆ. ಅಲ್ಲಿ ಒಂದು ದೇವಸ್ಥಾನದ ಹಿಂದಿನ ಹಾಲ್‌ನಲ್ಲಿ ನಮ್ಮ ಟೀಚರ್ ಹದಿನಾಲ್ಕು ಹೆಂಗಸರಿಗೆ ದೇವರನಾಮ ಹೇಳಿಕೊಡುತ್ತಾರೆ. ವಾರದಲ್ಲಿ ಆ ಎರಡು ಗಂಟೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಆಟೋದಲ್ಲಿ ಹೋಗುವಾಗ ಕೆರೆ ಕಾಣಿಸಿದ ಕೂಡಲೇ ನನ್ನ ಗಂಟಲು ಸಡಿಲವಾಗುತ್ತದೆ.

ಪಾಠಕ್ಕೆ ಹೋದರೆ ಸಾಕೆ, ಸಾಧಕ ಮಾಡಬೇಕಲ್ಲ. ಮಗಳ ಸ್ನಾನ, ತಿಂಡಿ, ಡಯಪರ್, ಊಟ, ಇವುಗಳ ನಡುವೆ ಅರ್ಧ ಗಂಟೆ ಹುಡುಕಿ ಹುಡುಕಿ ಸಾಕಾಗಿ ಕೊನೆಗೆ ಒಂದು ಜಾಣತನ ಮಾಡಿದೆ. ಬೆಳಿಗ್ಗೆ ಸಂಜೆ ಅವಳ ಕಾಲುಗಳನ್ನು ಎಳೆದು ನೆಟ್ಟಗಾಗಿಸುವ ವ್ಯಾಯಾಮ ಮಾಡಿಸಲೇಬೇಕು. ಬಿಟ್ಟರೆ ಮಂಡಿ ಮಡಿಸಿದಲ್ಲೇ ಗಟ್ಟಿಯಾಗಿಬಿಡುತ್ತದೆ. ಬೆಚ್ಚಗಿನ ಎಣ್ಣೆ ಹಚ್ಚಿ, ಕಾಲು ಚಾಚಿಸಿ, ಒತ್ತಿ ಹಿಡಿದು ಮೂವತ್ತು ಎಣಿಸಬೇಕು. ನಾನು ಎಣಿಸುವುದು ಬಿಟ್ಟು ಹಾಡತೊಡಗಿದೆ. ಪಲ್ಲವಿಯನ್ನು ನಿಧಾನವಾಗಿ ಎರಡು ಸಲ ಹಾಡಿದರೆ ಸರಿಯಾಗಿ ಮೂವತ್ತು. ಅದು ಎಡಗಾಲಿಗೆ. ಅನುಪಲ್ಲವಿ ಬಲಗಾಲಿಗೆ. ಚರಣಗಳು ಸೊಂಟಕ್ಕೆ, ಪಾದಗಳಿಗೆ. ದಿನಕ್ಕೆರಡು ಸಲ, ಆರು ವರ್ಷ. ಬರಬರುತ್ತ ನಾನು ಬಾಯಿ ತೆರೆದರೆ ಸಾಕು, ಮಗಳು ತಾನೇ ಎಡಗಾಲು ಎತ್ತಿ ಕೊಡುತ್ತಿದ್ದಳು. ಎಷ್ಟು ಜಾಣೆ ನೋಡಿ ಎಂದು ಬಂದವರಿಗೆಲ್ಲ ಹೇಳಿಕೊಂಡಿದ್ದೇನೆ. ಟೀಚರ್ ಕೂಡ ಒಮ್ಮೆ ಎಲ್ಲರೆದುರು ನನ್ನನ್ನು ತೋರಿಸಿ, "ಟೈಮಿಲ್ಲ ಅನ್ನೋರು ಇವರನ್ನ ನೋಡಿ ಕಲೀರಿ" ಅಂದಿದ್ದರು. ಆ ದಿನ ಖುಷಿಯಲ್ಲಿ ಅರ್ಧ ದಾರಿ ನಡೆದುಕೊಂಡೇ ಬಂದೆ.

ಒಂದು ಮಾತ್ರ ಚುಚ್ಚುತ್ತಿತ್ತು. ವ್ಯಾಯಾಮ ಇಲ್ಲದ ಹೊತ್ತಿನಲ್ಲಿ, ಅಡುಗೆಮನೆಯಲ್ಲಿ ಸುಮ್ಮನೆ ಗುನುಗಿದರೂ, ಕಿಟಕಿಯ ಹತ್ತಿರ ಕೂತವಳು ಮುಖ ತಿರುಗಿಸುತ್ತಿದ್ದಳು. ಫೋನಿನಲ್ಲಿ ಸಿನಿಮಾ ಹಾಡು ಹಾಕಿದರೆ ಕಣ್ಣರಳಿಸುವವಳು ನನ್ನ ಹಾಡಿಗೆ ಬೇಡ ಎನ್ನುತ್ತಾಳೆ. ಸರಿ, ನನ್ನ ದನಿಯೇ ಅಷ್ಟು ಎಂದುಕೊಂಡಿದ್ದೆ.

ಪಕ್ಕದ ಮನೆಯವಳು ನನಗಿಂತ ಐದು ವರ್ಷ ಚಿಕ್ಕವಳು. ಎದುರಿಗೆ ಬಹುವಚನದಲ್ಲೇ ಮಾತಾಡಿಸುತ್ತೇನೆ. ಇಲ್ಲಿ ಅಷ್ಟು ಮರ್ಯಾದೆ ಕೊಡುವ ಮನಸ್ಸಿಲ್ಲ. ಮಗ ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮನೆಯಲ್ಲಿ ಯಾರ ಕಾಟವೂ ಇಲ್ಲ. ಮಧ್ಯಾಹ್ನ ಮಲಗಿ ಎದ್ದು, ಕಾಫಿ ಕುಡಿದು, ತಲೆಗೆ ಹೂ ಮುಡಿದು, ಬೇಕೆನಿಸಿದಾಗ ಹಾಡುತ್ತಾಳೆ, ಸಾಕೆನಿಸಿದಾಗ ನಿಲ್ಲಿಸುತ್ತಾಳೆ. ಅವಳಿಗೆ ಸರಳೆ ವರಸೆ ಹೇಳಿಕೊಟ್ಟವಳು ನಾನು. ಟೀಚರ್ ಹತ್ತಿರ ಕರೆದುಕೊಂಡು ಹೋದವಳೂ ನಾನೇ. ಅವಳು ಹುಟ್ಟಿ ಬೆಳೆದದ್ದು ಶಿವಾಜಿನಗರದಲ್ಲಿ, ಮನೆಮಾತು ತಮಿಳು. ಕನ್ನಡ ಚೆನ್ನಾಗಿ ಆಡುತ್ತಾಳೆ, ಓದಲು ಬರುವುದಿಲ್ಲ. ದೇವರನಾಮದ ಸಾಹಿತ್ಯವನ್ನು ತಮಿಳು ಲಿಪಿಯಲ್ಲಿ ಬರೆದುಕೊಳ್ಳುತ್ತಾಳೆ. ಅದರಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರವಂತೆ. ಎಲ್ಲಿ ಯಾವುದು ಎಂದು ಪಕ್ಕದಲ್ಲಿ ಕೂತು ಕೆಂಪು ಪೆನ್ನಿನಲ್ಲಿ ಗುರುತು ಹಾಕಿಸಿದವಳೂ ನಾನೇ. ಹೀಗೆ ನನ್ನ ಕೈಯಾರೆ ಅವಳನ್ನು ತಯಾರು ಮಾಡಿದೆ.

ಹೋದ ವರ್ಷ ನವರಾತ್ರಿಗೆ ದೇವಸ್ಥಾನದಲ್ಲಿ ನಮ್ಮ ಗುಂಪಿನ ಹಾಡಿತ್ತು. ಅದರಲ್ಲಿ ಒಂದು ದೇವರನಾಮವನ್ನು ನಾನೊಬ್ಬಳೇ ಎತ್ತಿಕೊಡುವುದು, ಉಳಿದವರು ಹಿಂದೆ ಹೇಳುವುದು ಎಂದು ಟೀಚರ್ ಗೊತ್ತುಮಾಡಿದ್ದರು. ನಾನು ಮಗಳ ಕಾಲು ಹಿಡಿದು ದಿನಾ ಹಾಡುವ ಅದೇ ದೇವರನಾಮ. ಇನ್ನೊಂದು ತಿಂಗಳಿದೆ ಎನ್ನುವಾಗ ಮಗಳಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಮೂರು ಬುಧವಾರ ಹಲಸೂರಿನ ಮುಖ ನೋಡಲಿಲ್ಲ. ಮೂರನೆಯ ಬುಧವಾರ ಸಂಜೆ ಟೀಚರ್ ಫೋನ್ ಮಾಡಿದರು.

"ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ ರೀ. ಟೆನ್ಷನ್ ಮಾಡ್ಕೋಬೇಡಿ. ಎತ್ತಿಕೊಡೋದಕ್ಕೆ ನಿಮ್ಮ ಪಕ್ಕದ್ಮನೆಯವರಿಗೆ ಹೇಳಿದೀನಿ."

"ಒಳ್ಳೇದಾಯ್ತು ಬಿಡಿ ಮೇಡಂ" ಎಂದೆ. ಫೋನ್ ಇಟ್ಟು ಕುಕ್ಕರಿನ ಮುಚ್ಚಳವನ್ನು ಎಷ್ಟು ಜೋರಾಗಿ ಕುಕ್ಕಿದೆನೆಂದರೆ ಯಜಮಾನರು ಎದ್ದು ಬಂದು ಬಾಗಿಲಲ್ಲಿ ಇಣುಕಿ ನೋಡಿ ವಾಪಸು ಹೋದರು.

ಮರುದಿನ ನಾಲ್ಕು ಗಂಟೆಗೆ ಅವಳೇ ಬಂದಳು, ಕೈಯಲ್ಲಿ ಕಡಲೆಕಾಳಿನ ಸುಂಡಲ್ ಡಬ್ಬಿ. "ಅಕ್ಕ, ನಿಮಗೆ ಬರಕ್ಕಾಗಲ್ವಲ್ಲ, ನಾನೇ ಬರ್ತೀನಿ. ಇಲ್ಲೇ ಕೂತು ಇಬ್ರೂ ಪ್ರಾಕ್ಟೀಸ್ ಮಾಡೋಣ. ನಾನು ತಪ್ಪಿದ್ರೆ ನೀವು ಹೇಳಿ." ಇಂಥವರ ಮೇಲೆ ಸಿಟ್ಟು ಮಾಡುವುದೂ ಕಷ್ಟ. ಒಳ್ಳೆಯತನದಲ್ಲೂ ನನಗಿಂತ ಒಂದು ಕೈ ಮೇಲೆ. ಮಗಳ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ತೊಡೆಯ ಮೇಲೆ ತಾಳ ಹಾಕುತ್ತ ಶುರು ಮಾಡಿದಳು.

ಮೊದಲ ಸಾಲಿಗೆ ಮಗಳು ನನ್ನ ಕೈಗಳ ಕಡೆ ನೋಡಿದಳು. ನನ್ನ ಕೈಯಲ್ಲಿ ಸುಂಡಲ್ ಡಬ್ಬಿ ಇತ್ತು. ಎರಡನೆಯ ಸಾಲಿಗೆ ನಕ್ಕಳು. ತುಟಿಯಂಚಿನ ನಗು ಅಲ್ಲ, ಕುರ್ಚಿ ಅಲುಗುವಂಥ ನಗು. ಜೊಲ್ಲು ಸುರಿಸುತ್ತ, ಕಣ್ಣು ಮೇಲೆತ್ತಿ ಮೇಲೆತ್ತಿ, ಬೇಕು, ಇನ್ನೂ ಬೇಕು ಎಂದು ಕೇಳಿದಳು.

"ಈಗ ನೀವು ಹಾಡಿ ಅಕ್ಕ" ಎಂದಳು ಪಕ್ಕದ ಮನೆಯವಳು. ನಾನು ಡಬ್ಬಿ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡು ಹಾಡಿದೆ. ಅವಳಿಗಿಂತ ಚೆನ್ನಾಗಿಯೇ ಹಾಡಿದೆ, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಮಗಳ ನಗು ನಿಂತಿತು. ಮುಖ ಆ ಕಡೆ ಹೋಯಿತು. "ಸುಸ್ತಾಗಿರ್ಬೇಕು ಪಾಪ" ಎಂದು ಅವಳು ನನ್ನನ್ನೇ ಸಮಾಧಾನ ಮಾಡಿದಳು. ಆ ಸಮಾಧಾನಕ್ಕೆ ನನ್ನ ಮೈಯೆಲ್ಲ ಉರಿದುಹೋಯಿತು.

ಗುಂಪಿನಲ್ಲಿ ನನ್ನ ಜಾಗ ಹೋದದ್ದನ್ನು ಹೇಗೋ ನುಂಗಿಕೊಂಡಿದ್ದೆ. ಇದನ್ನು ನುಂಗಲಾಗಲಿಲ್ಲ. ತೊಳೆಯುವುದಕ್ಕೆ, ತಿನ್ನಿಸುವುದಕ್ಕೆ, ಎತ್ತಿ ಕೂರಿಸುವುದಕ್ಕೆ ನಾನು. ನಗುವುದಕ್ಕೆ ಮಾತ್ರ ಪಕ್ಕದ ಮನೆಯವಳು. ಮಗಳ ಮೇಲೂ ಸಿಟ್ಟು ಬಂತು. ಆ ಸಂಜೆ ಗಂಜಿ ತಿನ್ನಿಸುವಾಗ ಅವಳ ಜೊತೆ ಒಂದು ಮಾತೂ ಆಡಲಿಲ್ಲ. ಬಾಯಿ ಒರೆಸಿದ್ದೂ ಸ್ವಲ್ಪ ಒರಟಾಗಿಯೇ.

ನಾಲ್ಕು ದಿನ ಇದೇ ನಡೆಯಿತು: ಪಕ್ಕದ ಮನೆಯವಳಿಗೆ ನಗು, ನನಗೆ ಬೆನ್ನು. ಐದನೆಯ ದಿನ ಅವಳನ್ನು ಗೇಟಿನಲ್ಲೇ ನಿಲ್ಲಿಸಿದೆ. "ಇವಳಿಗೆ ಗದ್ದಲ ಆಗ್ಬಾರ್ದು ಅಂದಿದಾರೆ ಡಾಕ್ಟ್ರು. ಸ್ವಲ್ಪ ದಿನ ಬರ್ಬೇಡಿ, ಬೇಜಾರು ಮಾಡ್ಕೋಬೇಡಿ." ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. "ಅಯ್ಯೋ, ಗೊತ್ತಾಗ್ಲಿಲ್ಲ ಅಕ್ಕ" ಎಂದು ಪುಸ್ತಕ ಎದೆಗವಚಿಕೊಂಡು ಹಿಂದಿರುಗಿದಳು. ಅವತ್ತಿನಿಂದ ತನ್ನ ಮನೆಯಲ್ಲೂ ಕಿಟಕಿ ಹಾಕಿಕೊಂಡು ಹಾಡತೊಡಗಿದಳು. ನನ್ನ ಮಗಳು ನಾಲ್ಕು ಗಂಟೆಯಾದರೆ ಗೇಟಿನ ಕಡೆ ನೋಡುವಳು. ಆಮೇಲೆ ನನ್ನ ಕಡೆ ನೋಡುವಳು. ನಾನು ಬಟ್ಟೆ ಮಡಿಸುವ ನೆವದಲ್ಲಿ ಒಳಗೆ ಹೋಗುತ್ತಿದ್ದೆ.

ಆ ವಾರವೇ ಫಿಸಿಯೋ ಬಂದದ್ದು. ಎರಡು ತಿಂಗಳಿಗೊಮ್ಮೆ ಮನೆಗೆ ಬಂದು ಮಗಳ ಕಾಲು ನೋಡಿ ಹೋಗುವ ಹುಡುಗಿ ಆಕೆ. "ದಿನಾ ಹೆಂಗೆ ಮಾಡಿಸ್ತೀರೋ ಹಂಗೇ ಮಾಡ್ಸಿ ಆಂಟಿ, ನೋಡ್ತೀನಿ" ಎಂದು ಮಂಚದ ಪಕ್ಕ ಕೂತಳು. ಮಗಳನ್ನು ಮಲಗಿಸಿ, ಎಣ್ಣೆ ಬೆಚ್ಚಗೆ ಮಾಡಲು ಅಡುಗೆಮನೆಗೆ ಹೋದೆ. ರೂಢಿಯ ಮೇಲೆ ಅಲ್ಲಿಂದಲೇ ಪಲ್ಲವಿ ಎತ್ತಿಕೊಂಡೆ.

"ಆಂಟಿ, ಹಾಡು ನಿಲ್ಸಿ ಒಂದ್ನಿಮಿಷ" ಎಂದು ಒಳಗಿಂದ ಕೂಗಿದಳು. ನಿಲ್ಲಿಸಿದೆ. "ಈಗ ಮತ್ತೆ ಹಾಡಿ." ಹಾಡಿದೆ. "ಇಲ್ಲಿ ಬನ್ನಿ."

ಹೋದೆ. ನನ್ನ ಅಂಗೈಯನ್ನು ಮಗಳ ತೊಡೆಯ ಮೇಲೆ ಇರಿಸಿ, ಒಂದೇ ಸಾಲು ಹಾಡಿ ಎಂದಳು. ಮೆಲ್ಲಗೆ ಹಾಡಿದೆ. ಕೈಯ ಕೆಳಗೆ ಮಾಂಸ ಬಾವಿಹಗ್ಗದ ಹಾಗೆ ಬಿಗಿಯಿತು.

"ನೀವಿನ್ನೂ ಎಳೆದೇ ಇಲ್ಲ, ಆಗ್ಲೇ ಬಿಗಿ ಮಾಡ್ಕೊತಿದಾರೆ. ನಿಮ್ಮ ಹಾಡು ಬಂದ್ರೆ ಹಿಂದೇನೇ ನೋವು ಬರುತ್ತೆ ಅಂತ ಗೊತ್ತು ಇವ್ರಿಗೆ. ಹಾಡ್ಬೇಡಿ ಆಂಟಿ, ಬರೀ ಎಣಿಸಿ."

ಎಣಿಸಿದೆ. ಒಂದು, ಎರಡು, ಮೂರು. ಹತ್ತು ದಾಟುವ ಹೊತ್ತಿಗೆ ಕಾಲು ತಾನಾಗಿ ಚಾಚಿಕೊಂಡಿತು. ಆ ಕಾಲು ಅಷ್ಟು ಸಡಿಲವಾಗಿ ನನ್ನ ಕೈಗೆ ಬಂದದ್ದು ನನಗೆ ನೆನಪಿಲ್ಲ. ಮಗಳು ಮುಖ ತಿರುಗಿಸದೆ ನನ್ನನ್ನೇ ನೋಡುತ್ತಿದ್ದಳು. ಆರು ವರ್ಷ ನಾನು ಸಾಧಕ ಮಾಡಿದ್ದೆ. ನನ್ನ ಜೊತೆ ಅವಳೂ ಮಾಡಿದ್ದಳು.

ಇಷ್ಟಾದ ಮೇಲೂ ನನಗೆ ಮೊದಲು ಬಂದ ಯೋಚನೆ ಏನೆಂದು ಬರೆದುಬಿಡುತ್ತೇನೆ. ಇನ್ನು ಮೇಲೆ ಕಾಲು ಎಳೆಯುವ ಹೊತ್ತಿಗೆ ಪಕ್ಕದ ಮನೆಯವಳನ್ನು ಕರೆಸಿ ಹಾಡಿಸಿದರೆ ಹೇಗೆ? ಕೆಲವು ತಿಂಗಳಲ್ಲಿ ಅವಳ ದನಿಗೂ ಮಗಳು ಮುಖ ತಿರುಗಿಸುತ್ತಾಳೆ. ಆಗ ಇಬ್ಬರೂ ಸಮ. ಎರಡು ದಿನ ಈ ಯೋಚನೆಯನ್ನು ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡವಳ ಹಾಗೆ ಚಪ್ಪರಿಸಿದೆ. ಮೂರನೆಯ ದಿನ ಅವಳ ಮನೆಯ ಬಾಗಿಲು ತಟ್ಟಿ, ಡಾಕ್ಟರು ಹಾಗೇನೂ ಹೇಳಿರಲಿಲ್ಲ, ನನ್ನ ಕೈಲಿ ತಡೆಯಲಾಗಲಿಲ್ಲ ಎಂದೆ.

ಅವಳು ಬಾಗಿಲಲ್ಲೇ ನಿಂತು, "ನಂಗೂ ಹಂಗೇ ಅನ್ಸಿತ್ತು ಅಕ್ಕ" ಎಂದಳು. ಒಳಗೆ ಕರೆಯಲಿಲ್ಲ. ಆದರೆ ನಾಲ್ಕು ಗಂಟೆಗೆ ಬಂದಳು, ಮಗಳು ಕುರ್ಚಿ ಅಲುಗುವ ಹಾಗೆ ನಕ್ಕಳು. ನವರಾತ್ರಿಯಲ್ಲಿ ಅವಳು ಎತ್ತಿಕೊಟ್ಟಳು, ಹಿಂದೆ ಹೇಳಿದವರಲ್ಲಿ ನಾನೂ ಒಬ್ಬಳು. ಎಲ್ಲಾದರೂ ಒಂದು ಕಡೆ ಶ್ರುತಿ ತಪ್ಪಲಿ ಎಂದು ಕಾದೆ. ತಪ್ಪಲಿಲ್ಲ.

ಈಗ ವ್ಯಾಯಾಮದ ಹೊತ್ತಿನಲ್ಲಿ ಎಣಿಸುತ್ತೇನೆ, ಹಾಡುವುದಿಲ್ಲ. ಬೇರೆ ಹೊತ್ತಿನಲ್ಲೂ ಬಹಳ ದಿನ ಬಾಯಿ ಬಿಡಲಿಲ್ಲ. ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ ಯಜಮಾನರು ಕೆ.ಆರ್. ಪುರದ ತಂಗಿಯ ಮನೆಗೆ ಹೋಗಿದ್ದರು. ಮಗಳನ್ನು ಕಿಟಕಿಯ ಹತ್ತಿರ ಕೂರಿಸಿ, ಕಾಲಿಗೆ ಹೊದಿಕೆ ಹಾಕಿ, ಎಣ್ಣೆ ಬಟ್ಟಲನ್ನು ಅಡುಗೆಮನೆಯಲ್ಲೇ ಬಿಟ್ಟು, ಅವಳಿಂದ ಎರಡು ಮಾರು ದೂರ ನೆಲದ ಮೇಲೆ ಕೂತೆ. ಕೈಯೆರಡೂ ಸೆರಗಿನೊಳಗೆ ಸುತ್ತಿಕೊಂಡೆ. ಹೊಸದೊಂದು ದೇವರನಾಮ ಆರಿಸಿಕೊಂಡಿದ್ದೆ, ಅವಳು ಒಮ್ಮೆಯೂ ಕೇಳದಿದ್ದದ್ದು. ತೀರ ಮೆಲ್ಲಗೆ ಶುರು ಮಾಡಿದೆ.

ಮಗಳು ನನ್ನ ಮುಖ ನೋಡಿದಳು. ಕೈಗಳು ಎಲ್ಲಿ ಎಂದು ಹುಡುಕಿದಳು. ಆಮೇಲೆ ಮುಖವನ್ನು ಬೀದಿ ಕಡೆ ತಿರುಗಿಸಿ, ತುಟಿ ಕಚ್ಚಿಕೊಂಡು, ಹೊದಿಕೆಯ ಕೆಳಗಿಂದ ಎಡಗಾಲನ್ನು ಮೆಲ್ಲಗೆ ಎತ್ತಿ ನನ್ನ ಕಡೆ ಚಾಚಿದಳು.

ಹಾಡು ನಿಲ್ಲಿಸಿ ಎದ್ದು ಅವಳ ಹತ್ತಿರ ಹೋದೆ. ಆ ಕಾಲನ್ನು ಒತ್ತದೆ, ಎಳೆಯದೆ, ಕೆಳಗಿಟ್ಟು ಹೊದಿಕೆ ಸರಿಮಾಡಿದೆ. "ಬೇಡ ಮಗಳೇ, ಬರೀ ಹಾಡು" ಎಂದೆ. ವಾಪಸು ಬಂದು, ಕೈಗಳನ್ನು ಸೆರಗಿನೊಳಗೆ ಸೇರಿಸಿ, ಮತ್ತೆ ಮೊದಲಿನಿಂದ ಹಾಡಿದೆ. ಕಾಲು ಮತ್ತೆ ಎದ್ದಿತು.