ಮೂರನೇ ದರ್ಜೆಯ ಮದಕದ ಹಲಗೆಗಳು

ಮದಕ ಯಾರದ್ದು ಎಂದು ಕೇಳಿದರೆ ನಮ್ಮೂರಿನಲ್ಲಿ ಯಾರೂ ತಡವರಿಸುವುದಿಲ್ಲ: ದಣಿಗಳದ್ದು. ಅದು ಒಡೆದರೆ ಆ ನೀರು ಯಾರ ಪಾಲಿಗೆ ಎಂದು ಮಾತ್ರ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ನಾನು ಕೇಳಿದೆ. ಅದಕ್ಕೆ ಇವತ್ತಿಗೂ ಕೆಲವರು ನನ್ನನ್ನು ಬಾಯಿ ಜೋರಿನ ಹುಡುಗಿ ಎನ್ನುತ್ತಾರೆ. ಎನ್ನಲಿ.

ಕುಂಬಳೆಯಿಂದ ಒಳಗೆ ಹೋಗುವ ಬಸ್ಸು ಕೊನೆಗೆ ನಿಲ್ಲುವಲ್ಲಿ ಇಳಿದು ನಡೆದರೆ ಎರಡು ಗುಡ್ಡಗಳ ನಡುವೆ ಆ ಮದಕ ಸಿಗುತ್ತದೆ. ಗುಡ್ಡದಿಂದ ಇಳಿಯುವ ಮಳೆನೀರನ್ನು ತಡೆಯಲು ದಣಿಗಳ ಅಜ್ಜ ಹಾಕಿಸಿದ ಮಣ್ಣಿನ ದಂಡೆ, ಅದರ ಹಿಂದೆ ನಿಂತ ನೀರು. ದಂಡೆಯ ಒಂದು ತುದಿಯಲ್ಲಿ, ಹೆಚ್ಚಾದದ್ದು ಹೊರಗೆ ಹರಿಯಲಿ ಎಂದು ಕೆಂಪು ಕಲ್ಲಿನಲ್ಲಿ ಕಟ್ಟಿದ ಕೋಡಿ. ಮಳೆಗಾಲ ಮುಗಿಯುವಾಗ ಕೋಡಿಯ ಎರಡು ಬದಿಯ ಕಲ್ಲಿನ ಸೀಳಿಗೆ ಹಲಸಿನ ಹಲಗೆಗಳನ್ನು ಇಳಿಸಿ, ಸಂದಿಗೆ ಜೇಡಿಮಣ್ಣು ಮೆತ್ತಿದರೆ ಬೇಸಿಗೆಗೆ ಇನ್ನಷ್ಟು ನೀರು ನಿಲ್ಲುತ್ತದೆ. ಮುಂದಿನ ಮಳೆಗೆ ಮೊದಲು ಆ ಹಲಗೆಗಳನ್ನು ತೆಗೆಯಲೇಬೇಕು. ತೆಗೆಯದಿದ್ದರೆ ತುಂಬಿದ ನೀರಿಗೆ ದಾರಿಯಿಲ್ಲದೆ ದಂಡೆಯ ತಲೆ ಹತ್ತುತ್ತದೆ. ಮಣ್ಣು ಅದನ್ನು ಹೆಚ್ಚು ಹೊತ್ತು ತಾಳುವುದಿಲ್ಲ. ದಂಡೆಯ ಕೆಳಗೆ, ಕೋಡಿಯ ನೀರು ಹರಿದುಹೋಗುವ ತೋಡಿನ ಬದಿಯಲ್ಲಿ ಇರುವುದು ಮೂರು ಮನೆ. ನಡುವಿನದ್ದು ನಮ್ಮದು.

ಹಲಗೆ ತೆಗೆಯುವ ದಿನ ಪತ್ತನಾಜೆ. ತುಳುವರಿಗೆ ಅದು ಭೂತಕೋಲ, ಯಕ್ಷಗಾನದ ಆಟಗಳೆಲ್ಲ ಮಳೆಗಾಲದ ಮಟ್ಟಿಗೆ ನಿಲ್ಲುವ ದಿನ. ನಾವು ಕೊಂಕಣಿ ಮಾತಾಡುವ ಇಗರ್ಜಿಯವರು. ಪತ್ತನಾಜೆಗೂ ನಮಗೂ ಬೇರೆ ಸಂಬಂಧವಿಲ್ಲ, ಆದರೆ ಆ ಬೆಳಿಗ್ಗೆ ನಾವು ಕೋಡಿಯ ಹತ್ತಿರ ಇರುತ್ತಿದ್ದೆವು. ಮೊದಲ ಹಲಗೆಗೆ ದಣಿಗಳೇ ಕೈ ಹಾಕಬೇಕು. ಉಳಿದದ್ದನ್ನು ಕೆಳಗಿನ ಮೂರು ಮನೆಯವರು ಎತ್ತಿ, ಹೊತ್ತು, ದಣಿಗಳ ದನದ ಹಟ್ಟಿಯ ಅಟ್ಟಕ್ಕೆ ಸೇರಿಸಬೇಕು. ಆಮೇಲೆ ಅವರ ಜಗಲಿಯಲ್ಲಿ ಬೆಲ್ಲ ಅವಲಕ್ಕಿ. ಚಿಕ್ಕವಳಿದ್ದಾಗ ನನಗೆ ಅವಲಕ್ಕಿಯದ್ದೇ ಧ್ಯಾನ. ಅದೊಂದು ತಪಾಸಣೆ ಎಂದು ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಮುಳುಗಬೇಕಾದವರು ತಾವೇ ಬಂದು, ಖಾಲಿ ಕೋಡಿಯನ್ನು ಕಣ್ಣಾರೆ ನೋಡಿ ಹೋಗುತ್ತಿದ್ದರು. ಯಾರೂ ಯಾರನ್ನೂ ನಂಬಬೇಕಾಗಿರಲಿಲ್ಲ.

ನಾನು ಕಾಸರಗೋಡಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದಾಗ, ಖಾಸಗಿ ಜಾಗದ ಮಣ್ಣಿನ ಕಟ್ಟೆಗಳಿಗೆ ಸುರಕ್ಷತೆಯ ದರ್ಜೆ ಕೊಡುವುದೆಂದು ಯಾವುದೋ ಕಚೇರಿಯಿಂದ ಒಬ್ಬ ಓವರ್ಸಿಯರ್ ಬಂದರು. ಮಲಯಾಳದವರು, ಕನ್ನಡ ಚೆನ್ನಾಗಿಯೇ ಮಾತಾಡುತ್ತಿದ್ದರು. ದಂಡೆಯ ಮೇಲೆ ಒಂದು ಸಲ ಆ ತುದಿಗೆ ಹೋಗಿ ಬಂದರು. ಟೇಪು ಇಳಿಬಿಟ್ಟರು. ಕೆಳಗೆ ನಮ್ಮ ಮನೆಗಳ ಮಾಡುಗಳ ಕಡೆ ಬೆರಳು ತೋರಿಸಿ ಎಣಿಸಿದರು. ದಣಿಗಳು ಕೊಡಿಸಿದ ಸೀಯಾಳ ಕುಡಿದು ಹೇಳಿದರು: “ಮೂರನೇ ದರ್ಜೆ. ಅಪಾಯ ಕಡಿಮೆ.”

“ಸಾರ್, ಎಂತ ನೋಡಿ ಕೊಟ್ಟದ್ದು?” ಎಂದೆ.

“ಎತ್ತರ. ಮತ್ತೆ ಕೆಳಗೆ ಎಷ್ಟು ಮನೆ ಉಂಟು, ಅದು.”

“ದಂಡೆಯೊಳಗೆ ಹೆಗ್ಗಣ ಕೊರೆದಿದೆಯಾ, ಕೋಡಿಯ ಅಗಲ ಸಾಕಾಗ್ತದಾ, ಅದು?”

“ಅದು ಇದರಲ್ಲಿ ಬರುವುದಿಲ್ಲ ಮೋಳೇ,” ಎಂದರು, ಮಗಳೇ ಎನ್ನುವಂತೆ.

“ಹಾಗಾದ್ರೆ ಇದೇ ದಂಡೆಯ ಕೆಳಗೆ ನೂರು ಮನೆ ಇದ್ದಿದ್ರೆ?”

“ಒಂದನೇ ದರ್ಜೆ. ದೊಡ್ಡ ಅಪಾಯ. ನಿಮ್ಮದು ಮೂರೇ ಮನೆ ಅಲ್ವಾ, ಒಳ್ಳೇದಾಯ್ತು.”

ಒಳ್ಳೆಯದು ಯಾರಿಗೆ? ಮುಳುಗುವವರು ಕಡಿಮೆ ಎಂಬ ಕಾರಣಕ್ಕೆ ನಮ್ಮ ತಲೆಯ ಮೇಲಿನ ಮಣ್ಣು ಕ್ಷೇಮ ಎಂದಾಯಿತು. ದಂಡೆಯ ಬಗ್ಗೆ ಅವರು ಒಂದು ಮಾತನ್ನೂ ಹೇಳಿರಲಿಲ್ಲ, ಹೇಳಿದ್ದೆಲ್ಲ ನಮ್ಮ ಬಗ್ಗೆ. ಸಂಜೆಯೊಳಗೆ ಬಸ್ಸು ನಿಲ್ಲುವಲ್ಲಿನ ಚಹಾದಂಗಡಿಯಲ್ಲಿ ಅದು ‘ಸರಕಾರ ಪಾಸು ಮಾಡಿದ ಮದಕ’ ಆಗಿಬಿಟ್ಟಿತ್ತು.

ಆ ವರ್ಷ ಪತ್ತನಾಜೆಗೆ ನಮಗೆ ಕರೆ ಬರಲಿಲ್ಲ. ಪಪ್ಪ ತಲೆಗೆ ಮುಂಡಾಸು ಸುತ್ತಿಕೊಂಡು ಮಧ್ಯಾಹ್ನದವರೆಗೆ ಜಗಲಿಯಲ್ಲಿ ಕಾದರು, ಆಮೇಲೆ ಬಿಚ್ಚಿದರು. ಮಾಂಯ್, ಅಂದರೆ ನನ್ನ ಅಮ್ಮ, ಹೋಗಿ ಕೋಡಿ ನೋಡಿ ಬಂದು, “ಹಲಗೆ ಹಾಗೇ ಉಂಟು” ಎಂದರು. ಮರುದಿನ ನಾನು ಪಪ್ಪನನ್ನು ಎಬ್ಬಿಸಿಕೊಂಡೇ ದಣಿಗಳ ಮನೆಗೆ ಹೋದೆ. ಭೂಸುಧಾರಣೆಯಲ್ಲಿ ಜಾಗ ನಮ್ಮ ಹೆಸರಿಗೆ ಆಗಿ ಎಷ್ಟೋ ಕಾಲವಾಗಿತ್ತು, ಪಪ್ಪನ ಬೆನ್ನಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತು: “ನಮ್ಮ ಬಾವಿಗೆ ನೀರು ಬರುವುದು ಅವರ ಮದಕದಿಂದ. ಜೋರು ಮಾಡ್ಬೇಡ.”

ಎದುರು ಪಕ್ಷದ ಬಲವಾದ ವಾದವನ್ನು ಮೊದಲು ನೀನೇ ಹೇಳಿಬಿಡು ಎಂದು ಕಾಲೇಜಿನ ಚರ್ಚಾ ತಂಡದಲ್ಲಿ ನಮಗೆ ಕಲಿಸಿದ್ದರು. ಹೇಳುತ್ತೇನೆ. ದಣಿಗಳು ಕೆಟ್ಟವರಲ್ಲ. ಊರಿನ ಗಟ್ಟಿಮುಟ್ಟಾದ ಗಂಡಸರೆಲ್ಲ ಗಲ್ಫಿಗೆ ಹೋಗಿದ್ದರು. ಹಿಂದಿನ ವರ್ಷ ಹಲಗೆ ಹಾಕಲು ಜನ ಸಿಗುವಷ್ಟರಲ್ಲಿ ಮಳೆ ನಿಂತು, ಮದಕ ಅರೆತುಂಬಿ, ಏಪ್ರಿಲಿನಲ್ಲಿ ಅವರ ತೆಂಗೂ ನಮ್ಮ ತೆಂಗೂ ಒಟ್ಟಿಗೆ ಬಾಡಿದ್ದವು. ಹಲಗೆ ಅಲ್ಲೇ ಇದ್ದರೆ ಆ ತಾಪತ್ರಯವಿಲ್ಲ. ಇಷ್ಟು ಅವರ ಪರವಾಗಿ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

“ಎಂತ ಪೊರ್ಬುಗಳೇ, ಮಗಳನ್ನು ಭಾಷಣಕ್ಕೆ ಕರ್ಕೊಂಡು ಬಂದದ್ದಾ?” ಎಂದು ದಣಿಗಳು ನಕ್ಕರು. ನಮ್ಮವರನ್ನು ತುಳುವರು ಕರೆಯುವುದೇ ಪೊರ್ಬು ಎಂದು. ಪಪ್ಪ ಅಂಗಳದ ಮಣ್ಣು ನೋಡುತ್ತ ನಿಂತರು.

“ಹಲಗೆ ತೆಗೆಯುವುದು ಯಾವಾಗ ಅಂತ ಕೇಳ್ಲಿಕ್ಕೆ ಬಂದದ್ದು,” ಎಂದೆ ನಾನು.

“ಇನ್ನು ಬೇಡ ಮಾರಾಯ್ತಿ. ಸರಕಾರದವರೇ ಅಪಾಯ ಇಲ್ಲ ಅಂತ ಹೇಳಿದ ಮೇಲೆ ನಿನ್ನದೆಂತ?”

“ಇಲ್ಲ ಅಂತ ಹೇಳ್ಲಿಲ್ಲ. ಕಡಿಮೆ ಅಂತ ಹೇಳಿದ್ದು. ಅದೂ ನಮ್ಮ ಮನೆ ಎಣಿಸಿ ಹೇಳಿದ್ದು, ನಿಮ್ಮ ದಂಡೆ ನೋಡಿ ಅಲ್ಲ.”

“ಅಜ್ಜನ ಕಾಲದಿಂದ ಒಡೆಯದ್ದು ಈಗ ಒಡೀತದಾ?”

“ಅಜ್ಜನ ಕಾಲದಿಂದ ಪತ್ತನಾಜೆಗೆ ಹಲಗೆ ತೆಗೀತಿದ್ರು. ಹಾಗಾಗಿ ಒಡೀಲಿಲ್ಲ. ತೆಗೆಯದೆ ಒಂದು ಮಳೆಗಾಲ ದಾಟಿದ್ದು ಯಾರಿಗಾದ್ರೂ ನೆನಪುಂಟಾ?”

ಅವರು ಎಲೆಗೆ ಸುಣ್ಣ ಹಚ್ಚತೊಡಗಿದರು. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹಟ್ಟಿಯಲ್ಲಿ ಅವರ ಹೊಸ ಜೆರ್ಸಿ ದನ ಕೂಗಿತು. ಅದಕ್ಕೆಂದು ಒಂದು ಫ್ಯಾನನ್ನೇ ಹಾಕಿಸಿದ್ದರು.

“ಒಂದು ಕೆಲಸ ಮಾಡುವ,” ಎಂದೆ. “ಹಲಗೆ ಅಲ್ಲೇ ಇರ್ಲಿ. ಈ ಮಳೆಗಾಲ ನಿಮ್ಮ ಜೆರ್ಸಿಯನ್ನು ನಮ್ಮ ಹಟ್ಟಿಯಲ್ಲಿ ಕಟ್ಟಿ. ಹುಲ್ಲು ನಾವು ಹಾಕ್ತೇವೆ.”

“ಅಯ್ಯೋ, ಅದು ಅಲ್ಲಿ ಬೇಡ,” ಎಂದರು ದಣಿಗಳು ಥಟ್ಟನೆ.

“ಯಾಕೆ?”

“ಅದಕ್ಕೆ… ಶೀತ ಆಗ್ತದೆ.”

ಒಳಗೆ ಅವರ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ದಣಿಗಳ ಮುಖ ಕೆಂಪಾಯಿತು. “ಪೊರ್ಬುಗಳೇ, ಮಗಳನ್ನು ಕರ್ಕೊಂಡು ಹೋಗಿ,” ಎಂದರು. ವಾದ ಗೆದ್ದೆ, ಹಲಗೆ ಅಲುಗಲಿಲ್ಲ. ಕಾಲೇಜಿನಲ್ಲಾದರೆ ಇಷ್ಟಕ್ಕೆ ಒಂದು ಬಹುಮಾನದ ಕಪ್ಪು ಕೊಡುತ್ತಿದ್ದರು.

ಆ ಸಲ ಮಳೆ ಬೇಗನೆ ಹಿಡಿಯಿತು, ಹಿಡಿದದ್ದು ಬಿಡಲಿಲ್ಲ. ನೀರು ಹಲಗೆಯ ಅಂಚಿಗೆ ಏರುತ್ತಿರುವಾಗ ಮಾಂಯ್ ಒಲೆಯಿಂದ ಅನ್ನದ ಪಾತ್ರೆ ಇಳಿಸಿ, ಸೀರೆ ಎತ್ತಿ ಕಟ್ಟಿ, “ಬಾ” ಎಂದರು. ಆಚೀಚೆ ಮನೆಯ ಹೆಂಗಸರನ್ನೂ ಕೂಗಿದರು. ಹಗಲು ಹೊತ್ತು, ಎಲ್ಲರಿಗೂ ಕಾಣುವ ಹಾಗೆ ನಾವು ಕೋಡಿಗೆ ಹೋದೆವು.

ಬೇಸಿಗೆಯಲ್ಲಿ ಒಣಗಿ ಸಡಿಲವಾಗಿರುವ ಹಲಗೆ ಎತ್ತಿದರೆ ಬರುತ್ತದೆ. ಇದು ನೆಂದು ಉಬ್ಬಿ ಕಲ್ಲಿನ ಸೀಳಿಗೆ ಕಚ್ಚಿ ಕೂತಿತ್ತು. ಜೇಡಿಮಣ್ಣನ್ನು ಉಗುರಿನಲ್ಲಿ ಕೆರೆದೆವು. ಎಳೆದೆವು. ಇಲ್ಲ. ಅಷ್ಟರಲ್ಲಿ ದಣಿಗಳು ಕೊಡೆ ಹಿಡಿದುಕೊಂಡು ದಂಡೆಯ ಮೇಲೆ ಬಂದರು.

“ಯಾರನ್ನು ಕೇಳಿ ಕೈ ಹಾಕಿದ್ದು? ಮದಕ ನನ್ನದು!”

“ಮದಕ ನಿಮ್ಮದೇ,” ಎಂದರು ಮಾಂಯ್. “ಮನೆ ನಮ್ಮದು. ಮೊದಲನೇ ಹಲಗೆ ನೀವು ತೆಗೆಯುವುದು ಕ್ರಮ. ತೆಗೀತೀರಾ?”

ದಣಿಗಳು ಕದಲಲಿಲ್ಲ. ಹಿಂದಿನಿಂದ ಯಾರೋ ದಂಡೆ ಹತ್ತಿ ಬರುವ ಸದ್ದು. ಪಪ್ಪ. ಕೈಯಲ್ಲಿ ಹಾರೆ. ಅವರು ಯಾರನ್ನು ತಡೆಯಲು ಬಂದರೆಂದು ಒಂದು ಕ್ಷಣ ನನಗೆ ತಿಳಿಯಲಿಲ್ಲ. ಕೋಡಿಯ ಕಲ್ಲಿಗೆ ಇಳಿದು ಹಾರೆಯ ತುದಿಯನ್ನು ಹಲಗೆಯ ಅಡಿಗೆ ಕೊಟ್ಟು ತಲೆಯೆತ್ತಿದರು.

“ದಣಿಗಳೇ, ಕೊಡೆ ಸ್ವಲ್ಪ ಆಚೆ ಹಿಡೀರಿ. ಬೆಳಕು ಬರುವುದಿಲ್ಲ.”

ದಣಿಗಳು ಕೊಡೆಯನ್ನು ಆಚೆ ಹಿಡಿದರು. ಯಾಕೆ ಹಿಡಿದರೆಂದು ಅವರಿಗೇ ಗೊತ್ತಾಗಿರಲಿಕ್ಕಿಲ್ಲ. ಪಪ್ಪ ಮೀಟಿದರು. ಮೊದಲ ಹಲಗೆಗೆ ಮಾಂಯ್ ಕೈ ಹಾಕಿದರು. ಅದು ಕಿತ್ತು ಬಂದಾಗ ನೀರು ಕೆಂಪಗೆ ಕೋಡಿಗೆ ನುಗ್ಗಿತು. ಒಂದೊಂದಾಗಿ ಎಲ್ಲವೂ ಬಂದವು. ತೋಡು ಅಂಚಿನವರೆಗೆ ತುಂಬಿ ನಮ್ಮ ಮನೆಗಳನ್ನು ದಾಟಿ ಹರಿಯಿತು. ದಂಡೆ ಉಳಿಯಿತು. ಹೆದರಿದ್ದು ದಂಡಕ್ಕೆ ಎಂದು ಆಮೇಲೆ ಹೇಳಿದವರಿದ್ದಾರೆ. ಅವರಲ್ಲಿ ಒಬ್ಬರ ಮನೆಯೂ ತೋಡಿನ ಬದಿಯಲ್ಲಿಲ್ಲ.

ಹಲಗೆಗಳನ್ನು ಹೊತ್ತುಕೊಂಡು ದಂಡೆಯಿಂದ ಇಳಿದೆವು. ದಾರಿ ಅಲ್ಲಿ ಎರಡಾಗುತ್ತದೆ, ಒಂದು ದಣಿಗಳ ಹಟ್ಟಿಗೆ, ಒಂದು ನಮ್ಮಲ್ಲಿಗೆ. ಮುಂದೆ ಹೋಗುತ್ತಿದ್ದ ಪಪ್ಪ ಅಭ್ಯಾಸಬಲದಿಂದ ಮೇಲಿನ ದಾರಿಗೆ ತಿರುಗಿದರು.

“ಪಪ್ಪ, ಕೆಳಗೆ,” ಎಂದೆ.

ಅವರು ಹಲಗೆಯಡಿಯಿಂದ ನನ್ನನ್ನೊಮ್ಮೆ ನೋಡಿದರು. ತಿರುಗಿ ಕೆಳಗೆ ನಡೆದರು.

ಮಳೆ ಹಿಂದೆ ಸರಿಯುವ ಹೊತ್ತಿಗೆ ದಣಿಗಳು ನಮ್ಮ ಅಂಗಳಕ್ಕೆ ಬಂದರು. ನನ್ನ ನೆನಪಿನಲ್ಲಿ ಅವರು ಬಂದದ್ದು ಅದೇ ಮೊದಲು. ಮಾಂಯ್ ಬೆಲ್ಲ ಅವಲಕ್ಕಿ ಇಟ್ಟರು. ಅವರು ಅದನ್ನು ನೋಡಿದರು, ಸ್ವಲ್ಪ ಹೊತ್ತು ಬಿಟ್ಟು ತಿಂದರು.

“ಹಲಗೆ ಬೇಕಿತ್ತು, ಪೊರ್ಬುಗಳೇ.”

ಪಪ್ಪ ನನ್ನ ಕಡೆ ನೋಡಿದರು. “ಪತ್ತನಾಜೆಗೆ ವಾಪಸು ಇಲ್ಲಿಗೇ ಬರ್ಬೇಕು,” ಎಂದೆ.

“ಆಯ್ತು ಮಾರಾಯ್ತಿ. ನಿನ್ನ ಹತ್ರ ಮಾತಾಡಿ ಪೂರೈಸ್ಲಿಕ್ಕುಂಟಾ?”

ಮದಕ ಈಗಲೂ ಮೂರನೇ ದರ್ಜೆಯದ್ದೇ. ಮತ್ತೆ ನೋಡಲು ಯಾರೂ ಬಂದಿಲ್ಲ. ಇದನ್ನು ಬರೆಯುತ್ತಿರುವಾಗ ಹೊರಗೆ ಮಳೆ ಹೊಡೆಯುತ್ತಿದೆ. ಹಲಗೆಗಳು ನನ್ನ ತಲೆಯ ಮೇಲೆ, ನಮ್ಮ ಅಟ್ಟದಲ್ಲಿವೆ.