ಲೇನಿ ಬೀಳದ ಚಳಿಗಾಲ

ವರ್ನಾ ಟ್ಯಾಕೆಟ್‌ಗೆ ಅರವತ್ತೊಂದು ವರ್ಷ. ಎತ್ತರ ಐದಡಿ ಮೀರಿಲ್ಲ, ದನಿ ಮಾತ್ರ ಗುಡ್ಡದ ಆಚೆ ಬದಿಗೂ ಕೇಳಿಸುತ್ತದೆ. ಕೆಂಟಕಿಯ ಪೂರ್ವದ ಗುಡ್ಡಗಳ ನಡುವೆ ಹೇಗರ್ ಫೋರ್ಕ್ ಎಂಬ ನಮ್ಮ ಪುಟ್ಟ ಊರು. ಅಲ್ಲಿ ಹಿಂದೆ ಸೋಫಾ ಮಂಚ ಮಾರುತ್ತಿದ್ದ ಅಂಗಡಿಯನ್ನೇ ಜಿಮ್ ಮಾಡಿಕೊಂಡು ಇಪ್ಪತ್ತೆರಡು ವರ್ಷದಿಂದ ಅವಳು ಮಕ್ಕಳಿಗೆ ಚಿಯರ್ ಕಲಿಸುತ್ತಿದ್ದಾಳೆ. ಚಿಯರ್ ಅಂದರೆ ಮೈದಾನದ ಅಂಚಿನಲ್ಲಿ ನಿಂತು ಕೈಯಲ್ಲಿ ಕುಚ್ಚು ಅಲ್ಲಾಡಿಸುವುದು ತಾನೇ ಎಂದು ಯಾರಾದರೂ ಅವಳೆದುರು ಬಾಯಿಬಿಟ್ಟರೋ, ಅವರ ಗ್ರಹಚಾರ ನೆಟ್ಟಗಿಲ್ಲ ಎಂದೇ ಲೆಕ್ಕ. ಎರಡೂವರೆ ನಿಮಿಷದಲ್ಲಿ ಇಪ್ಪತ್ತು ಹುಡುಗಿಯರು ಲಾಗ ಹಾಕಬೇಕು, ಕುಣಿಯಬೇಕು, ಒಬ್ಬಳನ್ನು ತಲೆಯ ಮೇಲೆ ಎತ್ತಿ ಒಂಟಿಕಾಲಿನಲ್ಲಿ ನಿಲ್ಲಿಸಬೇಕು, ಗಾಳಿಗೆ ಎಸೆದು ಹಿಡಿಯಬೇಕು. ಇಷ್ಟೆಲ್ಲ ಮಾಡುವಾಗ ಹಲ್ಲು ಬಿಟ್ಟು ನಗುತ್ತಲೂ ಇರಬೇಕು.

ವರ್ನಾಳಿಗೆ ಒಂದು ನಂಬಿಕೆ ಇತ್ತು. ಹೊಸ ಮಗುವನ್ನು ಕರೆತಂದ ತಾಯಂದಿರಿಗೆಲ್ಲ ಮೊದಲ ದಿನವೇ ಅದನ್ನು ಹೇಳಿಬಿಡುತ್ತಿದ್ದಳು: "ನಿಮ್ಮ ಮಗು ಬೀಳ್ತಾ ಇದ್ರೆ ಕಲೀತಾ ಇದೆ ಅಂತ ಅರ್ಥ. ಬೀಳೋದು ನಿಂತ ದಿನ ಬಂದು ನನ್ನ ಕೇಳಿ." ತಾಯಂದಿರು ನಕ್ಕು ಸುಮ್ಮನಾಗುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಬಂದು ಕೇಳಿರಲಿಲ್ಲ, ಯಾಕೆಂದರೆ ಯಾವ ಮಗುವೂ ಬೀಳುವುದು ನಿಲ್ಲಿಸಿರಲಿಲ್ಲ.

ಲೇನಿ ಮುಲಿನ್ಸ್ ನಿಲ್ಲಿಸಿದಳು.

ಲೇನಿಗೆ ಹದಿಮೂರು. ಅಪ್ಪ ಅಮ್ಮ ಇಬ್ಬರೂ ಓಹಾಯೋ ಕಡೆ ಬೇರೆ ಬೇರೆಯಾಗಿ ಬದುಕುತ್ತಿದ್ದರು. ಹುಡುಗಿಯನ್ನು ಬೆಳೆಸಿದ್ದು ಅಜ್ಜಿ ಓಪಲ್. ಐದು ವರ್ಷದವಳಿದ್ದಾಗ ಜಿಮ್ಮಿಗೆ ಬಂದ ಮೊದಲ ದಿನವೇ ಕಿಟಕಿಯ ಪರದೆ ಹಿಡಿದು ಮೇಲೆ ಹತ್ತಿ ಕಂಬಿಯ ಮೇಲೆ ಕೂತಿದ್ದಳು. ಇಳಿ ಎಂದರೆ, "ಹಿಡೀತೀರಾ?" ಅಂದಳು. ವರ್ನಾ ಕೈ ಚಾಚಿದಳು. ಮಗು ಹಿಂದುಮುಂದು ನೋಡದೆ ಹಾರಿತು. ಅವತ್ತಿನಿಂದ ತಂಡದಲ್ಲಿ ಮೇಲೆ ಹತ್ತಿ ನಿಲ್ಲುವವಳು, ನಮ್ಮವರು ಫ್ಲೈಯರ್ ಅನ್ನುವವಳು, ಲೇನಿಯೇ.

ಈ ಚಳಿಗಾಲದಲ್ಲಿ ತಂಡ ಹೋದ ಕಡೆಯಲ್ಲೆಲ್ಲ ಒಂದೇ ಒಂದು ತಪ್ಪಿಲ್ಲದೆ ಆಡಿ ಬಂತು. ಊರಿಗೆ ಊರೇ ಹಿಗ್ಗಿ ಹೀರೇಕಾಯಿಯಾಯಿತು. ಪೆಟ್ರೋಲ್ ಬಂಕಿನ ಫಲಕದಲ್ಲಿ ಡೀಸೆಲ್ ದರದ ಕೆಳಗೆ ಮಕ್ಕಳಿಗೆ ಅಭಿನಂದನೆ ಬಿತ್ತು. ಪಾದ್ರಿಗಳು ಪ್ರಾರ್ಥನೆಯ ಮಧ್ಯೆ ಲೇನಿಯ ಹೆಸರು ತೆಗೆದರು. ವರ್ನಾ ಒಬ್ಬಳಿಗೆ ಮಾತ್ರ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಲೇನಿ ಕ್ರಿಸ್‌ಮಸ್‌ನಿಂದ ಈಚೆಗೆ ಒಂದು ಸಲವೂ ಬಿದ್ದಿರಲಿಲ್ಲ.

ಲೇನಿ ಮುಂದೆ ಕಲಿಯಬೇಕಾದದ್ದು ಏನೆಂದು ವರ್ನಾಳಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಕ್ಕೆ ಲಾಗ ಹಾಕುತ್ತಾ ಗಾಳಿಯಲ್ಲೇ ಮೈಯನ್ನು ಎರಡು ಸುತ್ತು ತಿರುಗಿಸಿ ಇಳಿಯುವ ಡಬಲ್. ಒಂದು ಸುತ್ತಿನವರೆಗೆ ವರ್ನಾ ಕಣ್ಣುಮುಚ್ಚಿ ಕಲಿಸಿಯಾಳು. ಎರಡನೆಯದು ಅವಳು ಹುಡುಗಿಯಾಗಿದ್ದಾಗ ಅವಳ ಕಡೆ ಯಾರೂ ಮಾಡುತ್ತಿರಲಿಲ್ಲ. ಕಲಿತೇ ತೀರುತ್ತೇನೆ ಎಂದು ಜನವರಿ ಪೂರ್ತಿ ಅಡುಗೆಮನೆಯಲ್ಲಿ ಕೂತು ಫೋನಿನಲ್ಲಿ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿದಳು. ಭುಜ ಯಾವಾಗ ತಿರುಗಬೇಕು, ಸೊಂಟ ಯಾವಾಗ ತಿರುಗಬೇಕು ಎಂದು ಟೊಮ್ಯಾಟೊ ಸಾಸಿನ ಬಾಟಲಿಯನ್ನು ಲೇನಿ ಎಂದುಕೊಂಡು ತಿರುಗಿಸಿ ತಿರುಗಿಸಿ ಹಾರಿಸಿದಳು. ಮುಚ್ಚಳ ಬಿಚ್ಚಿಕೊಂಡು ಕಿಟಕಿ ಪರದೆಗೆಲ್ಲ ಸಾಸು ಅಭಿಷೇಕವಾಯಿತು. ಬಾಟಲಿ ಬಿದ್ದರೆ ಪರದೆ ಒಗೆಯಬಹುದು. ತನಗೆ ಸರಿಯಾಗಿ ಬಾರದ್ದನ್ನು ಮಗುವಿನ ಕತ್ತಿನ ಮೇಲೆ ಪ್ರಯೋಗ ಮಾಡುವಷ್ಟು ಕಟುಕಿ ಅವಳಲ್ಲ.

ಹಾಗಾದರೆ ಕಳಿಸಬೇಕು. ಎರಡು ಗಂಟೆ ದಾರಿಯ ಲೆಕ್ಸಿಂಗ್ಟನ್‌ನಲ್ಲಿ ದೊಡ್ಡ ಜಿಮ್ ಇತ್ತು, ಡಬಲ್ ಕಲಿಸುವ ಡೆಂಟನ್ ಎಂಬ ಹುಡುಗ ಕೋಚ್ ಇದ್ದ. ಆದರೆ ಲೇನಿ ಹೋದರೆ ತಂಡದ ತಲೆಯೇ ಹೋದಂತೆ. ಅವಳನ್ನು ಎತ್ತುವುದಕ್ಕೆಂದೇ ಪಳಗಿದ ಮೂವರು ಹುಡುಗಿಯರು ಬರಿಗೈಯಲ್ಲಿ ನಿಲ್ಲಬೇಕು. ಇನ್ನು ವರ್ನಾ? ಗಂಡ ಸತ್ತ ಮೇಲೆ ಅವಳ ದಿನ ಶುರುವಾಗುತ್ತಿದ್ದದ್ದೇ ಸಂಜೆ ನಾಲ್ಕಕ್ಕೆ, "ಕೋಚ್!" ಎಂದು ಬಾಗಿಲು ಒದ್ದುಕೊಂಡು ಬರುವ ಆ ಹುಡುಗಿಯಿಂದ. ಹೇಳೋಣ, ಮುಂದಿನ ವಾರ ಹೇಳೋಣ ಎಂದು ತಳ್ಳುತ್ತಾ ಮಾರ್ಚಿಗೆ ಬಂದಳು.

ಮಾರ್ಚಿನ ಒಂದು ಬುಧವಾರ ಲೇನಿ ಚಳಿಗೆ ಮೇಲೆ ಹಾಕಿಕೊಂಡಿದ್ದ ದಪ್ಪ ಪ್ಯಾಂಟು ತೆಗೆದಾಗ ವರ್ನಾಳ ಕಣ್ಣು ಅವಳ ಮೊಣಕಾಲಿಗೆ ಬಿತ್ತು. ಅಂಗೈಯಗಲ ನೀಲಿಗಟ್ಟಿತ್ತು. ಮೊಣಕೈಯಲ್ಲಿ ಚಾಪೆ ಉಜ್ಜಿ ಚರ್ಮ ಸುಲಿದ ಗಾಯ.

"ಇದೇನೇ?"

"ಮೆಟ್ಟಿಲು ಎಡವಿದೆ, ಕೋಚ್."

ಮೆಟ್ಟಿಲು ಎಡವಿದರೆ ಚರ್ಮ ಹಾಗೆ ಸುಲಿಯುವುದಿಲ್ಲ. ಇಪ್ಪತ್ತೆರಡು ವರ್ಷ ಅಂಥ ಗಾಯಕ್ಕೇ ಮುಲಾಮು ಹಚ್ಚಿದವಳಿಗೆ ಇದೊಂದು ತಿಳಿಯದೇ? ಇಲ್ಲಿ ಬೀಳದವಳು ಇನ್ನೆಲ್ಲಿ ಬಿದ್ದಳು ಎಂದು ಯೋಚಿಸುತ್ತಿದ್ದ ಹಾಗೆ ಅವಳಿಗೆ ಮಂಗಳವಾರಗಳು ನೆನಪಾದವು. ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕು ಎಂದು ಓಪಲ್ ಒಂದಲ್ಲ ಎರಡಲ್ಲ, ಐದು ಮಂಗಳವಾರ ಮೊಮ್ಮಗಳಿಗೆ ರಜೆ ಕೇಳಿದ್ದಳು.  ವರ್ನಾಳಿಗೆ ಸಿಟ್ಟು ನೆತ್ತಿಗೇರಿತು.

ಕ್ಲಾಸು ಮುಗಿದದ್ದೇ ತಡ, ಟ್ರಕ್ಕು ಹತ್ತಿ ಸೀದಾ ಓಪಲ್ ಮನೆಗೆ ಹೋದಳು. ಓಪಲ್ ಜಗಲಿಯಲ್ಲಿ ಕೂತು ಬೀನ್ಸ್ ಕಾಳು ಆರಿಸುತ್ತಿದ್ದಳು. ಇಬ್ಬರೂ ಒಂದೇ ಓರಿಗೆಯವರು, ನಲವತ್ತು ವರ್ಷದಿಂದ ಚರ್ಚಿನ ಒಂದೇ ಬೆಂಚಿನಲ್ಲಿ ಕೂರುವವರು.

"ಐದು ಮಂಗಳವಾರ, ಓಪಲ್! ಆ ಮಗು ಬಾಯಲ್ಲೇನು ಮೊಸಳೆ ಹಲ್ಲಿದೆಯೇನೇ?"

ಓಪಲ್ ಕೈಯಲ್ಲಿದ್ದ ಕಾಳೆಲ್ಲ ಮಡಿಲಿಗೆ ಬಿದ್ದವು. "ಕೂತ್ಕೋ."

"ಕೂರಲ್ಲ. ಲೆಕ್ಸಿಂಗ್ಟನ್‌ಗೆ ಹೋಗ್ತಿದ್ದೀರ ತಾನೇ? ನನ್ನ ಮುಖಕ್ಕೆ ಹೇಳೋಕೆ ನಿನಗೇನು ಬಾಯಿ ಬಿದ್ದು ಹೋಗಿತ್ತಾ?"

"ಹೇಳ್ತಿದ್ದೆ, ಮಾರಾಯ್ತಿ. ಧೈರ್ಯ ಬರಲಿಲ್ಲ." ಓಪಲ್ ತಲೆ ಎತ್ತಿ ನೋಡಿದಳು. "ರಾಟ್ಲಿಫ್ ಮನೆಯವರು ಮಗಳನ್ನ ನಿನ್ನ ಜಿಮ್ಮಿಂದ ಬಿಡಿಸಿ ಎಷ್ಟು ವರ್ಷ ಆಯ್ತು ಹೇಳು?"

ವರ್ನಾ ಟ್ರಕ್ಕಿನ ಕಡೆ ಮುಖ ತಿರುಗಿಸಿದಳು. ಓಪಲ್ ತಾನೇ ಹೇಳಿದಳು:

"ಎಂಟು ವರ್ಷ. ಎಂಟು ವರ್ಷದಿಂದ ಅಂಗಡೀಲಿ ಆ ಹೆಂಗಸು ಎದುರಿಗೆ ಸಿಕ್ರೆ ನೀನು ತಳ್ಳುಗಾಡಿ ತಿರುಗಿಸ್ಕೊಂಡು ಸಾಬೂನಿನ ಸಾಲಿಗೆ ಹೋಗ್ತೀಯ. ಅವಳ ತಾಯಿ ತೀರ್ಕೊಂಡಾಗಲೂ ಒಂದು ಮಾತು ಆಡಿಸ್ಲಿಲ್ಲ. ನನ್ನ ಜೊತೇನೂ ಹಾಗೆ ಮಾಡಿದ್ರೆ ನಾನು ಭಾನುವಾರ ಯಾರ ಪಕ್ಕ ಕೂತ್ಕೋಬೇಕಿತ್ತು?"

ನಮ್ಮ ಕಡೆ ಜಿಮ್ ಬದಲಾಯಿಸುವುದು ಅಂದರೆ ಹಾಗೇ. ಚರ್ಚು ಬದಲಾಯಿಸಿದವರನ್ನಾದರೂ ಕ್ಷಮಿಸಿಯಾರು. ತಾನು ಮಾತ್ರ ನೇರ ಮನುಷ್ಯಳು ಎಂದುಕೊಂಡಿದ್ದ ವರ್ನಾಳಿಗೆ ಆ ಮಾತು ಸರಿಯಾಗಿ ತಟ್ಟಿತು. ಸಿಟ್ಟು ಎಲ್ಲಿತ್ತೋ ಅಲ್ಲೇ ಇಳಿಯಿತು. ಕೂರುವುದಿಲ್ಲ ಎಂದವಳು ಕೂತಳು. ಸ್ವಲ್ಪ ಹೊತ್ತು ತಾನೂ ಕಾಳು ಆರಿಸಿದಳು.

"ಎಷ್ಟು ಸಲ ಬಿದ್ಲು ಅಲ್ಲಿ?" ಎಂದು ಕೇಳಿದಳು.

"ಲೆಕ್ಕ ಇಟ್ಟೋರ್ಯಾರು? ನೋಡೋಕಾಗದೆ ನಾನು ಕಾರಲ್ಲೇ ಕೂತಿದ್ದೆ. ನಗ್ತಾ ನಗ್ತಾ ಬರ್ತಾಳೆ, ಮುಂಡೇದು."

ವರ್ನಾ ಆರಿಸಿದ ಕಾಳನ್ನೆಲ್ಲ ಓಪಲ್ ಮಡಿಲಿಗೆ ಹಾಕಿದಳು. "ಅವಳನ್ನ ಕಳಿಸಬೇಕು, ಓಪಲ್. ಕ್ರಿಸ್‌ಮಸ್‌ನಿಂದ ನನಗೆ ಗೊತ್ತಿತ್ತು. ಬಾಯಿ ಬರಲಿಲ್ಲ."

"ಅವಳು ಒಪ್ಪಲ್ಲ ಕಣೇ. ಸುಮ್ನೆ ಆಟಕ್ಕೆ ಹೋಗ್ತೀನಿ ಅಷ್ಟೇ, ಕೋಚ್‌ನ ಬಿಟ್ಟು ಹೋಗಲ್ಲ ಅಂತಾಳೆ."

"ಒಪ್ಪಿಸೋದು ನನಗಿರಲಿ. ಆದ್ರೆ ಏಪ್ರಿಲ್ ಕೊನೆ ಪಂದ್ಯ ಮುಗಿಯೋವರೆಗೂ ತುಟಿ ಬಿಚ್ಚಬೇಡ."

ಅದು ಹಟಕ್ಕೆ ಹೇಳಿದ್ದಲ್ಲ. ಮೇಲೆ ನಿಂತವಳು ನಾಳೆ ಬಿಟ್ಟುಹೋಗುವವಳು ಎಂದು ತಿಳಿದರೆ ಕೆಳಗೆ ಹಿಡಿದ ಕೈಗಳಲ್ಲಿ ಒಂದು ಅನುಮಾನ ಸೇರಿಕೊಳ್ಳುತ್ತದೆ. ಅಂಥ ಕೈಗಳ ಮೇಲೆ ಮಗುವನ್ನು ನಿಲ್ಲಿಸಬಾರದು. ಈ ಕಸುಬಿನವರೆಲ್ಲ ಬಲ್ಲ ವಿಷಯ ಇದು. ಆರು ವಾರ ಇಬ್ಬರು ಮುದುಕಿಯರೂ ಬಾಯಿಗೆ ಬೀಗ ಹಾಕಿಕೊಂಡು ಕೂತರು. ಮಂಗಳವಾರದ ಹಲ್ಲಿನ ಡಾಕ್ಟರು ಹಾಗೇ ಮುಂದುವರಿದರು. "ಈ ವಾರ ಯಾವ ಹಲ್ಲು?" ಎಂದು ವರ್ನಾ ಮುಖ ಗಂಟುಹಾಕಿ ಕೇಳಿದರೆ, "ದವಡೆ ಹಲ್ಲು, ಕೋಚ್" ಎಂದು ಲೇನಿ ನೆಲ ನೋಡುತ್ತಿದ್ದಳು.

ಕೊನೆಯ ಪಂದ್ಯದಲ್ಲೂ ತಂಡ ತಪ್ಪಿಲ್ಲದೆ ಆಡಿತು. ಮರುದಿನ ಬೆಳಿಗ್ಗೆ ವರ್ನಾ ಲೆಕ್ಸಿಂಗ್ಟನ್ನಿನ ಡೆಂಟನ್‌ಗೆ ಫೋನು ಮಾಡಿದಳು. ಇಂಥ ಫೋನು ಈ ಕಸುಬಿನಲ್ಲಿ ಯಾರೂ ಮಾಡಿದ್ದಿಲ್ಲ. ಮುತ್ತಿನಂಥ ಫ್ಲೈಯರನ್ನು ಮುಚ್ಚಿಡುತ್ತಾರೆಯೇ ಹೊರತು ಕೈಯೆತ್ತಿ ಕೊಡುವವರಿಲ್ಲ.

"ಮಂಗಳವಾರ ನಿನ್ನ ಹತ್ತಿರ ಬರ್ತಾಳಲ್ಲ, ನನ್ನ ಹುಡುಗಿ ಲೇನಿ, ಅವಳನ್ನ ಮೇ ತಿಂಗಳು ನಿನ್ನ ತಂಡದ ಆಯ್ಕೆಗೆ ಕಳಿಸ್ತಿದ್ದೀನಿ. ಬರ್ಕೋ. ಕಾಲು ಉಳುಕಿದ್ರೂ ಏನೂ ಆಗಿಲ್ಲ ಅಂತ ಸುಳ್ಳು ಹೇಳ್ತಾಳೆ, ನಂಬಬೇಡ. ಗದರಿದ್ರೆ ಇನ್ನಷ್ಟು ಹಟ ಹಿಡೀತಾಳೆ. ಆಗಲ್ಲ ನಿನ್ನಿಂದ ಅಂದ್ರೆ ಸಾಕು, ಮಾಡೇ ತೋರಿಸ್ತಾಳೆ."

 ಡೆಂಟನ್ ಮೆಲ್ಲಗೆ ಕೇಳಿದ: "ವರ್ನಾ ಮೇಡಂ, ಬೇಜಾರು ಮಾಡ್ಕೋಬೇಡಿ. ಆ ಹುಡುಗಿಗೆ ನನಗೆ ಗೊತ್ತಿಲ್ಲದ ಹಾಗೆ ಬೆನ್ನಿಗೇನಾದ್ರೂ ಏಟಾಗಿದೆಯಾ?"

"ಏಟಾ? ಯಾಕೆ?"

"ಅಲ್ಲ, ಇಷ್ಟು ಒಳ್ಳೆ ಹುಡುಗೀನ ನೀವಾಗೇ ಕೊಡ್ತಿದ್ದೀರಲ್ಲ ಅಂತ..."

"ಬೆನ್ನು ನಿನ್ನದಕ್ಕಿಂತ ಗಟ್ಟಿಯಾಗಿದೆ!" ಎಂದು ವರ್ನಾ ಕಿರುಚಿದ್ದಕ್ಕೆ ಅವನು ಫೋನನ್ನು ಕಿವಿಯಿಂದ ದೂರ ಹಿಡಿದಿರಬೇಕು. "ಡಬಲ್ ಕಲಿಸೋಕೆ ನನಗೆ ಬರಲ್ಲ, ನಿನಗೆ ಬರುತ್ತೆ. ಇದರಲ್ಲಿ ಇನ್ನೇನೂ ಗುಟ್ಟಿಲ್ಲ."

ತನಗೆ ಬರುವುದಿಲ್ಲ ಎಂಬ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೆ ಡೆಂಟನ್‌ಗೆ ಹೇಳುವುದು ಒಂದು, ಲೇನಿಗೆ ಹೇಳುವುದು ಇನ್ನೊಂದು.

ಅದೇ ಸಂಜೆ ಲೇನಿಯನ್ನು ಒಬ್ಬಳನ್ನೇ ಕರೆದು ಚಾಪೆಯ ಮೇಲೆ ಎದುರಿಗೆ ಕೂರಿಸಿಕೊಂಡಳು. ಹೇಳಬೇಕಾದದ್ದನ್ನೆಲ್ಲ ಮನೆಯಲ್ಲಿ ಮೂರು ಸಲ ಕನ್ನಡಿ ಮುಂದೆ ಹೇಳಿಕೊಂಡು ಬಂದಿದ್ದಳು. ಒಂದೂ ನೆನಪಿಗೆ ಬರಲಿಲ್ಲ.

"ಮೇ ತಿಂಗಳಿಂದ ನೀನು ಲೆಕ್ಸಿಂಗ್ಟನ್‌ಗೆ ಹೋಗ್ಬೇಕು."

ಲೇನಿಯ ಮುಖ ಕೆಂಪಾಯಿತು. "ಅಜ್ಜಿ ಹೇಳಿದ್ಲಾ? ನಾನು ಸುಮ್ನೆ ಹೋಗಿದ್ದು, ಕೋಚ್. ಬಿಟ್ಬಿಡ್ತೀನಿ. ಇನ್ನು ಮೇಲೆ ಹೋಗಲ್ಲ."

"ಹೋಗಬೇಡ ಅಂತಲ್ಲ ನಾನು ಹೇಳ್ತಿರೋದು. ಹೋಗು ಅಂತಿದ್ದೀನಿ."

"ನನ್ನ ಓಡಿಸ್ತಿದ್ದೀರಾ?"

"ಹೂಂ, ಓಡಿಸ್ತಿದ್ದೀನಿ."  ಗುಡ್ಡದಾಚೆ ಕೇಳುವ ವರ್ನಾಳ ದನಿ ಎದುರಿಗಿದ್ದವಳಿಗೂ ಸರಿಯಾಗಿ ಕೇಳಿಸಲಿಲ್ಲ. "ನನಗೆ ಗೊತ್ತಿದ್ದದ್ದೆಲ್ಲ ಮುಗೀತು ಕಂದಾ. ಇನ್ನು ನಿನಗೆ ಕೊಡೋಕೆ ನನ್ನ ಹತ್ತಿರ ಏನೂ ಇಲ್ಲ."

ಹುಡುಗಿ ಅಳುತ್ತಾಳೆ, ಇಲ್ಲವೇ ಬಾಗಿಲು ಒದ್ದು ಎದ್ದುಹೋಗುತ್ತಾಳೆ ಎಂದು ವರ್ನಾ ಎರಡಕ್ಕೂ ತಯಾರಾಗಿದ್ದಳು. ಲೇನಿ ಎರಡನ್ನೂ ಮಾಡಲಿಲ್ಲ. ಮೊಣಕಾಲಿನ ಹೊಸ ನೀಲಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಕೂತಳು.

"ಗೊತ್ತಿತ್ತು ನನಗೆ," ಅಂದಳು.

"ಏನು ಗೊತ್ತಿತ್ತು?"

"ನಿಮಗೆ ಡಬಲ್ ಬರಲ್ಲ ಅಂತ. ಜನವರೀಲಿ ಒಂದಿನ ಅಜ್ಜಿ ಕೊಟ್ಟ ರೊಟ್ಟಿ ಕೊಡೋಕೆ ನಿಮ್ಮನೆಗೆ ಬಂದಿದ್ದೆ. ನೀವು ಅಡುಗೆಮನೇಲಿ ಸಾಸ್ ಬಾಟಲಿ ತಿರುಗಿಸ್ತಾ 'ಭುಜ ಮೊದಲು, ಭುಜ ಮೊದಲು ಲೇನಿ' ಅಂತ ಅದಕ್ಕೆ ಬೈತಿದ್ರಿ. ನಾನು ಬಾಗಿಲು ತಟ್ಟದೆ ವಾಪಸ್ ಹೋದೆ."

"ಅಯ್ಯೋ ನನ್ನ ಕರ್ಮವೇ! ಅವತ್ತೇ ಕೇಳೋದಲ್ವೇನೇ?"

"ನೀವು ಅಷ್ಟು ಕಷ್ಟಪಡ್ತಿದ್ರಿ. ನಿಮಗೆ ಬರೋವರೆಗೂ ಕಾಯೋಣ ಅಂದ್ಕೊಂಡೆ. ಆಮೇಲೆ ತಡೆಯೋಕಾಗದೆ ಅಲ್ಲಿಗೆ ಹೋದೆ."

ವರ್ನಾ ಟ್ಯಾಕೆಟ್ ಗಂಡನ ಮಣ್ಣಿನ ದಿನವೂ ನಾಲ್ಕು ಜನರೆದುರು ಅತ್ತವಳಲ್ಲ. ಈಗ ಹದಿಮೂರರ ಹುಡುಗಿಯ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು, ನಡುನಡುವೆ ನಕ್ಕಳು, ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡಳು. ಲೇನಿ ಹತ್ತಿರ ಸರಿದು, ಪಂದ್ಯಕ್ಕೆ ಮುಂಚೆ ಹೆದರಿದ ಚಿಕ್ಕ ಮಕ್ಕಳಿಗೆ ವರ್ನಾ ಮಾಡುತ್ತಿದ್ದಂತೆಯೇ ಅವಳ ಬೆನ್ನು ಸವರಿದಳು.

"ಕೋಚ್, ಮೇಲೆ ಯಾರನ್ನ ಹತ್ತಿಸ್ತೀರಿ?"

"ನೋಡೋಣ ಬಿಡು."

"ಪೈಸ್ಲಿನ ಹತ್ತಿಸಿ. ತುಂಬ ಹೆದರ್ತಾಳೆ. ಆದ್ರೆ ಹೆದರ್ಕೊಂಡೇ ನಿಂತಿರ್ತಾಳೆ, ಇಳಿಯಲ್ಲ. ನಾನು ನೋಡಿದ್ದೀನಿ. ಅವಳಿಗೆ ಎಡಗಾಲು ಅಭ್ಯಾಸ, ಬಲಗಾಲಲ್ಲಿ ನಿಲ್ಲಿಸಬೇಡಿ."

ಹತ್ತು ವರ್ಷದ ಪೈಸ್ಲಿ ಹಿಂದಿನ ಸಾಲಿನಲ್ಲಿ ಎರಡು ವರ್ಷದಿಂದ ಇದ್ದಳು. ಅವಳಿಗೆ ಯಾವ ಕಾಲು ಅಭ್ಯಾಸ ಎಂದು ವರ್ನಾ ಗಮನಿಸಿರಲಿಲ್ಲ. ಎದ್ದುಹೋಗಿ ಮೇಜಿನ ಮೇಲಿದ್ದ ಪೆನ್ನು ಹಾಳೆ ತಂದು ಮತ್ತೆ ಲೇನಿಯ ಎದುರಿಗೆ ಕೂತಳು.

"ಇನ್ನೇನೇನು ನೋಡಿದ್ದೀಯ?" ಎಂದು ಕೇಳಿ, ಹುಡುಗಿ ಹೇಳುತ್ತಾ ಹೋದದ್ದನ್ನೆಲ್ಲ ಬರೆದುಕೊಂಡಳು.